ಸದ್ದಿಲ್ಲದ ಕಸರತ್ತು

ಚಿಗುಸಾ ಹನ್ನೊಂದು ಮನೆಗಳ ಬಾಗಿಲಲ್ಲಿ ನಿಂತು ಕ್ಷಮೆ ಕೇಳಿ ಬಂದಿದ್ದಳು. ತಪ್ಪು ಇನ್ನೂ ನಡೆದಿರಲಿಲ್ಲ.

ಬೇಸಿಗೆ ರಜೆ ಶುರುವಾದ ಮರುದಿನದಿಂದ ಕೇರಿಯ ಮಕ್ಕಳೆಲ್ಲ ಬೆಳಗ್ಗೆ ಆರೂವರೆಗೆ ಪಾರ್ಕಿನಲ್ಲಿ ಸೇರಿ, ರೇಡಿಯೊದಲ್ಲಿ ಬರುವ ಪಿಯಾನೊಗೆ ಸರಿಯಾಗಿ ಕೈಕಾಲು ಆಡಿಸಿ ಕಸರತ್ತು ಮಾಡುವುದು ಅಜ್ಜಂದಿರ ಕಾಲದಿಂದ ಬಂದ ವಾಡಿಕೆ. ಸದ್ದಾಗುತ್ತದೆ, ದಯವಿಟ್ಟು ಸಹಿಸಿಕೊಳ್ಳಿ ಎಂದು ಸುತ್ತಲಿನ ಮನೆಗಳಿಗೆ ಮೊದಲೇ ಹೋಗಿ, ಕಾಗದದಲ್ಲಿ ಸುತ್ತಿದ ಒಂದೊಂದು ತೆಳು ಟವೆಲು ಕೊಟ್ಟು, ಸೊಂಟ ಬಗ್ಗಿಸಿ ಬರುವುದು ಆ ವರ್ಷದ ಸರದಿಯವರ ಕೆಲಸ. ಈ ಸಲದ ಸರದಿ ಕುವಾಬಾರಾ ಮನೆಯದು. ಆ ಮನೆಯಲ್ಲಿ ಇರುವವರೇ ಇಬ್ಬರು. ತಾಯಿ ನಸುಕಿಗೇ ಮೀನು ಮಂಡಿಗೆ ಹೋಗುವವಳು. ಹಾಗಾಗಿ ಕೆಲಸ ಮಗಳ ಹೆಗಲಿಗೆ ಬಿತ್ತು.

ಮಗಳು ಚಿಗುಸಾ ಪಟ್ಟಣದಲ್ಲಿ ಪದವಿ ಮುಗಿಸಿ, ತೊಯಾಮಾ ಕೊಲ್ಲಿಯ ದಂಡೆಯ ಈ ಪುಟ್ಟ ಊರಿಗೆ ಮರಳಿ ಎರಡು ವರ್ಷವಾಗಿತ್ತು. ಊರಿನ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಅಂಟು ಹಚ್ಚುವುದು ಅವಳ ಉದ್ಯೋಗ. ಮಾತಾಡಬೇಕಾಗಿಲ್ಲ ಎಂಬುದೇ ಆ ಕೆಲಸದ ದೊಡ್ಡ ಸಂಬಳ. ನಾಲ್ಕು ಜನ ಒಟ್ಟಿಗೆ ತಿರುಗಿ ನೋಡಿದರೆ ಅವಳು ಹೇಳಹೊರಟ ಮಾತನ್ನೇ ನುಂಗಿಬಿಡುತ್ತಿದ್ದಳು. ಆದರೂ ಹನ್ನೊಂದು ಬಾಗಿಲು ತಟ್ಟಿದ್ದಳು. ಪ್ರತಿ ಬಾಗಿಲಿನ ಮುಂದೆಯೂ ಹೇಳಬೇಕಾದ ಎರಡು ಸಾಲನ್ನು ಮನಸ್ಸಿನಲ್ಲೇ ಮೂರು ಸಲ ಓದಿಕೊಂಡು, ಆಮೇಲೆ ಗಂಟೆ ಒತ್ತಿದ್ದಳು.

ಮೂರನೆಯ ದಿನವೇ ದೂರು ಬಂತು.

ಅದನ್ನು ಹೇಳಲು ಕೇರಿಯ ಮುಖ್ಯಸ್ಥ ನೊಜಿರಿ ಅಜ್ಜ ಖುದ್ದಾಗಿ ಬಂದರು. ಅಂಚೆ ಕಚೇರಿಯಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದವರು. ಕೆಟ್ಟ ಸುದ್ದಿಯನ್ನೂ ಕಾಗದ ಬಂದಿದೆ ಎನ್ನುವ ಧಾಟಿಯಲ್ಲೇ ತಲುಪಿಸುವವರು.

"ಪಾರ್ಕಿನ ಆಫೀಸಿಂದ ಫೋನ್ ಬಂದಿತ್ತು ಮಗೂ. ಪಾರ್ಕಿನ ಹಿಂಬದಿ ಮನೇವ್ರು ದೂರು ಕೊಟ್ಟಿದಾರಂತೆ. ಇನೊಮಾತಾ ಅಂತ. ಹೋದ ಶರತ್ಕಾಲದಲ್ಲಿ ಬಂದೋರು. ಹೋಗಿದ್ಯಲ್ಲ ಅವರ ಮನೆಗೆ?"

ಚಿಗುಸಾ ಹೋಗಿರಲಿಲ್ಲ. ಆ ಮನೆಯ ಬಾಗಿಲು ಆಚೆ ಬೀದಿಗಿತ್ತು, ಆಚೆ ಬೀದಿ ಬೇರೆ ಕೇರಿಗೆ ಸೇರಿದ್ದು. ಆದರೆ ಅದರ ಮಲಗುವ ಕೋಣೆಯ ಕಿಟಕಿ ನೇರವಾಗಿ ಪಾರ್ಕಿಗೆ ತೆರೆದಿತ್ತು. ಅವಳು ಬಾಗಿಲು ಎಣಿಸಿದ್ದಳು, ಕಿಟಕಿ ಎಣಿಸಿರಲಿಲ್ಲ.

ಸಂಜೆ ಕೇರಿಯ ಸಭಾಮನೆಯಲ್ಲಿ ಏಳು ಜನ ಚಾಪೆಯ ಮೇಲೆ ಸುತ್ತ ಕೂತರು. ಎಲ್ಲರ ಮುಂದೆ ತಣ್ಣನೆಯ ಬಾರ್ಲಿ ಚಹಾ. ನೊಜಿರಿ ಅಜ್ಜ ಗಂಟಲು ಸರಿಮಾಡಿಕೊಂಡು, "ಈ ವರ್ಷದ ಮಟ್ಟಿಗೆ... ಸ್ವಲ್ಪ ತಡೆದುಕೊಳ್ಳೋದೇ ಒಳ್ಳೇದೇನೋ ಅಂತ," ಎಂದು ಮಾತನ್ನು ಅರ್ಧಕ್ಕೇ ಬಿಟ್ಟರು.

ಯಾರೂ ಏನೂ ಹೇಳಲಿಲ್ಲ. ಒಬ್ಬರು ಲೋಟದೊಳಗೆ ನೋಡಿದರು, ಇನ್ನೊಬ್ಬರು ಚಾಪೆಯ ಅಂಚು ನೀವಿದರು. ಮೌನವೇ ಸಮ್ಮತಿ. ಆ ಸಭಾಮನೆಯಲ್ಲಿ ಯಾವ ಸಂಗತಿಯೂ ಮಾತಿನಿಂದ ತೀರ್ಮಾನವಾದದ್ದು ಚಿಗುಸಾ ಕಂಡಿರಲಿಲ್ಲ. ನಾಲ್ಕು ಉಸಿರಿನಷ್ಟು ಹೊತ್ತು ಯಾರೂ ಬಾಯಿ ಬಿಡದಿದ್ದರೆ ಆಯಿತು. ವರ್ಷದ ಕೊನೆಗೆ ಎಲ್ಲರೂ ಸೇರಿ ಅಕ್ಕಿ ಕುಟ್ಟಿ ಉಂಡೆ ಮಾಡುತ್ತಿದ್ದುದು ಹೀಗೆಯೇ "ಈ ವರ್ಷದ ಮಟ್ಟಿಗೆ" ನಿಂತು ಆರು ವರ್ಷವಾಗಿತ್ತು. ಚಳಿಗಾಲದ ರಾತ್ರಿ ಎಲ್ಲೂ ಬೆಂಕಿ ಬೀಳದಂತೆ ಕೇರಿ ಸುತ್ತುವ ಕಾವಲೂ ಹಾಗೆಯೇ ನಿಂತಿತ್ತು. ನಿಂತದ್ದು ಯಾವುದೂ ಮತ್ತೆ ಎದ್ದಿರಲಿಲ್ಲ.

ಒಂದು ಉಸಿರು. ಎರಡು.

ಚಿಕ್ಕವಳಿದ್ದಾಗ ಇಡೀ ಶಾಲೆಯಲ್ಲಿ ಅವಳ ಜೊತೆ ಮಾತಾಡುವವರು ಒಬ್ಬರೂ ಇರಲಿಲ್ಲ. ತಪ್ಪು ಅವರದ್ದಲ್ಲ, ಇವಳ ಬಾಯಿಗೇ ಬೀಗ. ಆದರೆ ಬೇಸಿಗೆಯ ಬೆಳಗುಗಳಲ್ಲಿ, ಪಾರ್ಕಿನ ಕೊನೆಯ ಸಾಲಿನಲ್ಲಿ, ಎಲ್ಲರೂ ಕೈ ಎತ್ತಿದಾಗ ಅವಳೂ ಎತ್ತುತ್ತಿದ್ದಳು, ಎಲ್ಲರೂ ಬಗ್ಗಿದಾಗ ಅವಳೂ ಬಗ್ಗುತ್ತಿದ್ದಳು. ಒಂದು ಮಾತೂ ಆಡದೆ ನಾಲ್ಕು ಜನರ ನಡುವೆ ಒಬ್ಬಳಾಗಿ ನಿಲ್ಲಲು ಇದ್ದ ಜಾಗ ಅದೊಂದೇ. ಈಗಲೂ ಆ ಕೊನೆಯ ಸಾಲಿನಲ್ಲಿ ಮಿತ್ಸುಕಿ ಎಂಬ ಒಂದನೇ ತರಗತಿಯ ಹುಡುಗಿ ನಿಲ್ಲುತ್ತಿದ್ದಳು. ಅವಳ ದನಿ ಹೇಗಿದೆಯೆಂದು ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೂರು.

"ನನಗೆ ಒಪ್ಪಿಗೆ ಇಲ್ಲ."

ಆರು ತಲೆಗಳು ಒಟ್ಟಿಗೆ ತಿರುಗಿದವು. "ಏನಂದೆ ಮಗೂ?" ಎಂದರು ಅಜ್ಜ, ಕಿವಿ ಮುಂದೆ ಮಾಡಿ. ನಿಜಕ್ಕೂ ಕೇಳಿಸಿರಲಿಲ್ಲ. ಹೀಗಾಗಿ ಅವಳು ಅದನ್ನು ಎರಡನೆಯ ಸಲ, ಇನ್ನೂ ಗಟ್ಟಿಯಾಗಿ ಹೇಳಬೇಕಾಯಿತು.

"ಒಪ್ಪಿಗೆ ಇಲ್ಲ ಅಜ್ಜ. ಹೋಗಿ ಹೇಳದೆ ಇದ್ದಿದ್ದು ನನ್ನ ತಪ್ಪು. ನಾನೇ ಹೋಗಿ ಮಾತಾಡ್ತೀನಿ. ಅಲ್ಲಿವರೆಗೂ ನಿಲ್ಲಿಸ್ತೀವಿ ಅಂತ ಹೇಳ್ಬೇಡಿ."

"ಇನ್ನೊಂದು ಫೋನ್ ಬಂತು ಅಂದ್ರೆ ಆಫೀಸಿನೋರು ಅನುಮತಿ ವಾಪಸ್ ತಗೋತಾರೆ. ಆಮೇಲೆ ಬೋರ್ಡ್ ನೆಡ್ತಾರೆ. ಚೆಂಡಾಡಬಾರದು, ಓಡಬಾರದು, ಉಸಿರಾಡಬಾರದು."

"ಇನ್ನೊಂದು ಫೋನ್ ಬರದೆ ಇರೋ ಹಾಗೆ ನೋಡ್ಕೋತೀನಿ."

ಹೇಗೆ ಎಂದು ಯಾರೂ ಕೇಳಲಿಲ್ಲ.

ಮನೆಯಲ್ಲಿ ತಾಯಿ ನಂಬಲಿಲ್ಲ. "ನೀನು? ಸಭೇಲಿ ಮಾತಾಡಿದ್ಯಾ? ಮಂಡೀಲಿರೋ ಮೀನು ಬಾಯಿಬಿಟ್ಟು ರೇಟು ಹೇಳ್ತು ಅಂದ್ರೂ ನಂಬ್ತಿದ್ದೆ ಕಣೇ." ಆಮೇಲೆ ಸ್ವಲ್ಪ ಯೋಚಿಸಿ, "ಬರಿಗೈಲಿ ಹೋಗ್ಬೇಡ. ಸಿಹಿ ತಗೊಂಡು ಹೋಗು. ಬಾಗಿಲಲ್ಲಿಟ್ಟು ಓಡಿ ಬಂದೀಯ ಮತ್ತೆ! ಮುಖ ನೋಡಿ ಕೊಡು," ಎಂದಳು.

ಮರುದಿನ ಬೆಳಗ್ಗೆ ಚಿಗುಸಾ ಕಸರತ್ತು ಮಾಡಿಸದೆ ಮಕ್ಕಳನ್ನು ಪಾರ್ಕಿನಿಂದಲೇ ಮನೆಗೆ ಕಳಿಸಿ, ಮಧ್ಯಾಹ್ನ ಕೆಲಸಕ್ಕೆ ರಜೆ ಹಾಕಿ ಆಚೆ ಬೀದಿಗೆ ಹೋದಳು. ಗಂಟೆ ಒತ್ತಿದರೆ ಯಾರೂ ಬರಲಿಲ್ಲ. ಒಂದು ಗಂಟೆ ಬಿಟ್ಟು ಹೋದಳು. ಬರಲಿಲ್ಲ. ನಾಲ್ಕೂವರೆಗೆ ಮೂರನೆಯ ಸಲ ಹೋದಾಗ ಬಾಗಿಲು ತೆರೆಯಿತು. ಐವತ್ತರ ಆಸುಪಾಸಿನ ಹೆಂಗಸು, ಒದ್ದೆ ಕೂದಲು, ಕಣ್ಣಿನ ಕೆಳಗೆ ಕಪ್ಪು. ಹಿಂದೆ ಹಗ್ಗದ ಮೇಲೆ ಬಿಳಿ ಮೇಲಂಗಿ, ಬಿಳಿ ಟೋಪಿ ಒಣಗುತ್ತಿದ್ದವು.

ಚಿಗುಸಾ ಬಾಗಿದಳು. ತುಂಬಾ ಹೊತ್ತು ಬಾಗಿಯೇ ಇದ್ದಳು. ಎದ್ದು ಎರಡೂ ಕೈಯಲ್ಲಿ ಸಿಹಿಯ ಪೆಟ್ಟಿಗೆ ಚಾಚಿದಳು.

ಇನೊಮಾತಾ ಅದನ್ನು ಮುಟ್ಟಲಿಲ್ಲ. "ಇದನ್ನ ತಗೊಂಡ್ರೆ ವಿಷಯ ಮುಗೀತು ಅಂತ ಅರ್ಥ. ಮುಗಿದಿಲ್ವಲ್ಲ ಇನ್ನೂ."

"ಮುಗಿದಿಲ್ಲ," ಎಂದು ಚಿಗುಸಾ ಒಪ್ಪಿಕೊಂಡಳು.

"ನೀವು ಬೆಳಗ್ಗೆ ಅಂಗಡೀಲಿ ಅನ್ನದ ಉಂಡೆ ತಗೋತೀರಲ್ಲ, ಅದು ರಾತ್ರಿ ನಾವು ಕಟ್ಟಿದ್ದು. ಫ್ಯಾಕ್ಟರಿಯಿಂದ ಐದಕ್ಕೆ ಬರ್ತೀನಿ. ಸ್ನಾನ ಮಾಡಿ ಆರಕ್ಕೆ ಮಲಗ್ತೀನಿ. ಕಣ್ಣು ಹತ್ತೋ ಹೊತ್ತಿಗೆ ತಲೆ ಹತ್ರಾನೇ ಪಿಯಾನೊ ಶುರು. ಮೊದಲನೇ ದಿನ ಭೂಕಂಪ ಅಂತ ಎದ್ದು ಮೇಜಿನ ಕೆಳಗೆ ನುಗ್ಗಿದೀನಿ."

ಚಿಗುಸಾಗೆ ನಗು ಬರುವಂತಾಯಿತು, ನಾಲಿಗೆ ಕಚ್ಚಿಕೊಂಡಳು.

"ನಗಿ ಪರವಾಗಿಲ್ಲ. ಆದ್ರೆ ಒಂದು ಕೇಳ್ತೀನಿ. ಹನ್ನೊಂದು ಮನೆಗೆ ಹೋಗಿ ಹೇಳಿದ್ರಂತೆ. ನನಗೂ ಒಂದು ಮಾತು ಹೇಳಿದ್ರೆ ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತಿದ್ದೆ. ಸದ್ದು ತಡ್ಕೋಬಹುದು ಅಮ್ಮಾ. ನಾವು ಲೆಕ್ಕಕ್ಕೇ ಇಲ್ಲ ಅನ್ನೋದನ್ನ ತಡ್ಕೊಳ್ಳೋದು ಕಷ್ಟ."

ಇದಕ್ಕೆ ಕ್ಷಮೆಯ ಯಾವ ಸಾಲೂ ಹೊಂದುವಂತಿರಲಿಲ್ಲ. ಚಿಗುಸಾ ಓದಿಕೊಂಡು ಬಂದದ್ದೆಲ್ಲ ಮರೆತೇಹೋಯಿತು. ಬಾಯಿಗೆ ಬಂದದ್ದು ಬೇರೆಯೇ.

"ನಾಳೆಯಿಂದ ರೇಡಿಯೊ ಇರಲ್ಲ. ಸದ್ದೇ ಇಲ್ದೆ ಮಾಡ್ತೀವಿ."

"ಹತ್ತೊಂಬತ್ತು ಮಕ್ಕಳು! ಸದ್ದಿಲ್ದೆ! ಬೆಕ್ಕುಗಳನ್ನ ಸಾಲಾಗಿ ನಿಲ್ಲಿಸಿ ಮೆರವಣಿಗೆ ಮಾಡಿಸ್ತೀನಿ ಅನ್ನಿ."

"ಮಾಡಿಸ್ತೀನಿ. ನಿಮಗೆ ಎಚ್ಚರ ಆದ್ರೆ ಫೋನ್ ಮಾಡಿ. ಆಫೀಸಿಗೇ ಮಾಡಿ."

ಇನೊಮಾತಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮಾಡ್ತೀನಿ," ಎಂದು ಬಾಗಿಲು ಮುಚ್ಚಿದಳು.

ಆ ಪಿಯಾನೊದ ರಾಗ ಆ ದೇಶದಲ್ಲಿ ಯಾರಿಗೆ ತಾನೇ ಬರುವುದಿಲ್ಲ! ಶಿಶುವಿಹಾರದಿಂದ ವೃದ್ಧಾಶ್ರಮದವರೆಗೆ ಎಲ್ಲರ ಮೂಳೆಯೊಳಗೂ ಅದು ಕೂತಿದೆ. ರೇಡಿಯೊ ಇಲ್ಲದಿದ್ದರೂ ಮೈ ಮರೆಯುವುದಿಲ್ಲ ಎಂಬುದು ಚಿಗುಸಾಳ ಧೈರ್ಯ. ಆದರೆ ದನಿ ಇಲ್ಲವೆಂದಮೇಲೆ ಯಾರಾದರೂ ಮುಂದೆ ನಿಂತು ಮೈಯಿಂದಲೇ ತೋರಿಸಬೇಕು. ಎಂದೂ ಕೊನೆಯ ಸಾಲು ಬಿಟ್ಟು ಕದಲದವಳು ಮರುದಿನ ಬೆಳಗ್ಗೆ ಹತ್ತೊಂಬತ್ತು ಜೊತೆ ಕಣ್ಣುಗಳ ಎದುರು ನಿಂತಳು. ಜಲ್ಲಿಕಲ್ಲಿನ ಮೇಲಿಂದ ಎಲ್ಲರನ್ನೂ ಹುಲ್ಲಿನ ಕಡೆಗೆ ಸರಿಸಿದಳು. ನೆಗೆಯುವಾಗ ಹಿಮ್ಮಡಿ ಊರಬಾರದು ಎಂದು ತೋರಿಸಿಕೊಟ್ಟಳು.

ಐದನೇ ತರಗತಿಯ ತೆಪ್ಪೆಯ್ ಕೈ ಎತ್ತಿ ಪಿಸುಗುಟ್ಟಿದ. "ಅಕ್ಕಾ, ಉಸಿರು ಬಿಡಬಹುದಾ?"

"ಮೂಗಿಂದ ಬಿಡು."

"ಜೀರುಂಡೆಗಳಿಗೆ ಯಾರು ಹೇಳ್ತಾರೆ?"

ಮರದ ತುಂಬ ಜೀರುಂಡೆಗಳು ಯಾರ ಅನುಮತಿಯೂ ಇಲ್ಲದೆ ಗಂಟಲು ಹರಿದುಕೊಳ್ಳುತ್ತಿದ್ದವು. "ನೀನೇ ಹೋಗಿ ಟವೆಲು ಕೊಟ್ಟು ಹೇಳಿ ಬಾ," ಎಂದಳು ಚಿಗುಸಾ. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವಳ ಬಾಯಿಂದ ತಮಾಷೆ ಬಂದದ್ದಕ್ಕೆ ಎಲ್ಲರಿಗಿಂತ ಹೆಚ್ಚು ಬೆರಗಾದವಳು ಅವಳೇ.

ಮೊದಲ ದಿನ ಕೆಟ್ಟುಹೋಯಿತು. ಒಬ್ಬೊಬ್ಬರ ತಲೆಯೊಳಗಿನ ಪಿಯಾನೊಗೆ ಒಂದೊಂದು ವೇಗ. ತೆಪ್ಪೆಯ್ ಎಲ್ಲರಿಗಿಂತ ಮೊದಲೇ ಮುಗಿಸಿ ಓಟ ಗೆದ್ದವನಂತೆ ನಿಂತ. ಎರಡನೆಯ ದಿನ ಅವಳು ಹೆಗಲನ್ನು ಸ್ವಲ್ಪ ಎತ್ತಿ ತಾಳ ತೋರಿಸುವುದನ್ನು ಕಂಡುಕೊಂಡಳು. ಮೂರನೆಯ ದಿನ ಯಾರೋ ಬಿದ್ದು, ಯಾರೋ ನಕ್ಕು, ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಚಿಗುಸಾಳ ಮುಖ ಕೆಂಪೇರಿತು. ಆದರೆ ಎತ್ತಿದ ಕೈಯನ್ನು ಇಳಿಸಲಿಲ್ಲ. ನಗು ತಾನಾಗಿ ತಣ್ಣಗಾಗುವವರೆಗೂ ಹಾಗೆಯೇ ನಿಂತಳು. ಒಬ್ಬೊಬ್ಬರಾಗಿ ಕೈ ಎತ್ತಿದರು. ನಾಲ್ಕನೆಯ ದಿನ ಇಪ್ಪತ್ತು ಜನರ ಪಾದ ಒಂದೇ ಸಲ ಹುಲ್ಲು ಮುಟ್ಟಿದ್ದು ಅವಳ ಅಂಗಾಲಿಗೆ ಗೊತ್ತಾಯಿತು.

ದಿನವೂ ನೊಜಿರಿ ಅಜ್ಜ ತಮ್ಮ ಮನೆಯ ಜಗಲಿಯಿಂದ ಅವಳ ಕಡೆ ನೋಡಿ ತಲೆ ಅಡ್ಡ ಆಡಿಸುತ್ತಿದ್ದರು. ಫೋನ್ ಬಂದಿಲ್ಲ ಎಂದು ಅರ್ಥ. ಇಂದಿಗೆ ಬಂದಿಲ್ಲ.

ಆರನೆಯ ದಿನ, ನೆಗೆತದ ನಟ್ಟನಡುವೆ, ಮಿತ್ಸುಕಿ ಸೀನಿದಳು.

ಆ ಪುಟ್ಟ ಮೂಗಿನಿಂದ ಅಷ್ಟು ದೊಡ್ಡ ಸೀನು ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಮರದ ಮೇಲಿನ ಕಾಗೆ ಹಾರಿತು. ಎಲ್ಲರೂ ಕೈ ಮೇಲೆತ್ತಿದ್ದಂತೆಯೇ ಕಲ್ಲಾಗಿ ಆ ಕಿಟಕಿಯತ್ತ ನೋಡಿದರು. ಪರದೆ ಅಲುಗಲಿಲ್ಲ. ಮಿತ್ಸುಕಿಯ ಕಣ್ಣುಗಳು ತುಂಬಿಕೊಂಡವು.

"ಅಲ್ಲೇನು ನೋಡ್ತೀರ? ನಾನು ಇಲ್ಲಿದೀನಿ."

ದನಿ ಬಂದದ್ದು ಬೆನ್ನಿನ ಕಡೆಯಿಂದ. ಪಾರ್ಕಿನ ಬೇಲಿಯಾಚೆ ಸೈಕಲ್ ಹಿಡಿದು ಇನೊಮಾತಾ ನಿಂತಿದ್ದಳು, ಬಿಳಿ ಟೋಪಿ ಇನ್ನೂ ತಲೆಯ ಮೇಲೆಯೇ ಇತ್ತು. "ಯಂತ್ರ ಕೆಟ್ಟು ಇವತ್ತು ತಡವಾಯ್ತು. ಕತ್ತು ತಿರುಗಿಸ್ತಿದ್ರಲ್ಲ, ಆಗಿಂದ ನೋಡ್ತಿದೀನಿ. ನಿಲ್ಲಿಸಿದ್ಯಾಕೆ? ಕೊನೇದು ಬಾಕಿ ಇದೆ."

ಚಿಗುಸಾ ಹೆಗಲು ಎತ್ತಿದಳು. ಹತ್ತೊಂಬತ್ತು ಮಕ್ಕಳು ದೀರ್ಘವಾಗಿ ಉಸಿರು ಎಳೆದುಕೊಂಡು ಬಿಟ್ಟರು.

ಮುಗಿದ ಮೇಲೆ ಇನೊಮಾತಾ ಒಳಗೆ ಬಂದಳು. "ಒಂದು ಮಾತು ಹೇಳ್ಬೇಕು. ಐದು ದಿನದಿಂದ ನನಗೆ ನಿದ್ದೆ ಇಲ್ಲ."

ಚಿಗುಸಾ ಕಿಟಕಿಯತ್ತ ತಿರುಗಿದಳು. "ಕೇಳಿಸ್ತಿತ್ತಾ?"

"ಏನೂ ಕೇಳಿಸ್ತಿರ್ಲಿಲ್ಲ! ಅದೇ ಕಷ್ಟ. ಆರೂವರೆ ಆಯ್ತು ಅಂದ್ರೆ ಹಾಸಿಗೇಲೇ ನಾನೂ ಶುರು. ಈಗ ಕೈ ತಿರುಗಿಸ್ತಿರ್ಬೇಕು, ಈಗ ಬಗ್ಗಿರ್ಬೇಕು. ನಂದು ಮುಗಿದ ಮೇಲೂ ನಿಮ್ದು ಮುಗೀತೋ ಇಲ್ವೋ ಅಂತ ಕಿವಿ ನಿಮಿರಿಸ್ಕೊಂಡು ಬಿದ್ದಿರ್ತೀನಿ. ರೇಡಿಯೊ ಆದ್ರೆ ಹತ್ತು ನಿಮಿಷಕ್ಕೆ ಬಾಯಿ ಮುಚ್ತಿತ್ತು."

ತೆಪ್ಪೆಯ್ ಪಕ್ಕೆ ಹಿಡಿದುಕೊಂಡು ನಕ್ಕ. ಇನೊಮಾತಾ ಚೀಲದಿಂದ ನಾಲ್ಕು ಮಡಿಕೆಯ ಹಾಳೆ ತೆಗೆದಳು. ಫ್ಯಾಕ್ಟರಿಯ ಪಾಳಿ ಪಟ್ಟಿ. ಚಿಗುಸಾಳ ಪೆನ್ನು ಇಸಿದುಕೊಂಡು ಕೆಲವು ತಾರೀಕುಗಳಿಗೆ ಸುತ್ತು ಹಾಕಿದಳು.

"ಸುತ್ತು ಹಾಕಿದ ಬೆಳಗ್ಗೆ ನಾನು ರಾತ್ರಿಯೆಲ್ಲ ಮಲಗಿ ಎದ್ದಿರ್ತೀನಿ. ಅವತ್ತು ರೇಡಿಯೊ ಹಚ್ಚಿ. ಬಾಕಿ ದಿನ ಹೀಗೇ ಮಾಡಿ, ಮುಗಿದ ಮೇಲೆ ಒಂದೇ ಒಂದು ಚಪ್ಪಾಳೆ ತಟ್ಟಿ. ಮಗ್ಗುಲು ಬದಲಾಯಿಸಿ ಮಲಗ್ತೀನಿ. ಮುಂದಿನ ವರ್ಷ ಯಾರ ಸರದಿನೋ ಅವರಿಗೆ ಹೇಳಿ, ಮೊದಲು ನನ್ನ ಮನೆಗೆ ಬರ್ಬೇಕು."

"ಹೇಳ್ತೀನಿ. ಬರದೆ ಇದ್ರೆ ನಾನೇ ಬರ್ತೀನಿ."

ಮಿತ್ಸುಕಿ ಹತ್ತಿರ ಬಂದು ನಿಂತು, ಸೂಜಿ ಬಿದ್ದ ಹಾಗಿನ ದನಿಯಲ್ಲಿ ಕೇಳಿದಳು: "ನಾಳೆ ಸುತ್ತು ಇದೆಯಾ?"

ಇತ್ತು.

ಚಿಗುಸಾ ಹಾಳೆಯನ್ನು ಪಾರ್ಕಿನ ಸೂಚನಾ ಫಲಕಕ್ಕೆ ನಾಲ್ಕು ಮೂಲೆಗೂ ಪಿನ್ನು ಒತ್ತಿ ಸಿಕ್ಕಿಸತೊಡಗಿದಳು. ಅಷ್ಟರಲ್ಲಿ ನೊಜಿರಿ ಅಜ್ಜ ಚಪ್ಪಲಿ ಎಳೆಯುತ್ತ ಬಂದು ಕನ್ನಡಕ ಏರಿಸಿ ಓದಿದರು.

"ನಾಳೆ ರೇಡಿಯೊ ಇದೆ ಅಜ್ಜ. ನಾಡಿದ್ದಿಂದ ನಾಲ್ಕು ದಿನ ಇಲ್ಲ. ಆಮೇಲೆ ಎರಡು ದಿನ ಇದೆ."

"ಇದನ್ನ... ಒಂದ್ಸಲ ಸಭೇಲಿ ಎಲ್ಲರನ್ನೂ ಕೇಳಬೇಕಾಗಿತ್ತಲ್ಲ ಮಗೂ."

"ಕೇಳೋಣ ಅಜ್ಜ," ಎಂದಳು ಚಿಗುಸಾ, ಕೊನೆಯ ಪಿನ್ನನ್ನು ಹೆಬ್ಬೆರಳಿನಿಂದ ಒತ್ತುತ್ತ. "ಸಭೆ ಕರೀರಿ. ನಾನೂ ಬಂದು ಮಾತಾಡ್ತೀನಿ."

ಅಜ್ಜ ಪಟ್ಟಿಯನ್ನು ಇನ್ನೊಂದು ಸಲ ಓದಿದರು. ನಾಲ್ಕು ಉಸಿರಿನಷ್ಟು ಹೊತ್ತು ಏನೂ ಹೇಳಲಿಲ್ಲ.