ಒಲ್ಲದ ಕೈ

ಸಲಾಕೆ ಇನ್ನೂ ಕೆಂಪಗಾಗಿರಲಿಲ್ಲ. ಅದರ ತುದಿ ಸಗಣಿ ಕುಳ್ಳಿನ ಬೆಂಕಿಯಲ್ಲಿ ಹುದುಗಿತ್ತು. ಮಾನಪ್ಪ ಕುಕ್ಕರಗಾಲಲ್ಲಿ ಕೂತು ಊದುಗೊಳವೆಯಿಂದ ಊದುತ್ತಿದ್ದ. ಅವನೆದುರು ಮಣೆಯ ಮೇಲೆ ಭಾರತಿಯ ಬಲಗೈ ಇತ್ತು. ಗೆಣ್ಣುಗಳು ಬಾತು ನುಣ್ಣಗೆ ಹೊಳೆಯುತ್ತಿದ್ದವು. ಮಣಿಕಟ್ಟಿನ ಮೇಲೆ ಅವನು ಇದ್ದಿಲಿನಿಂದ ಮೂರು ಗೆರೆ ಎಳೆದು, ಬರೆ ಎಲ್ಲೆಲ್ಲಿ ಬೀಳಬೇಕೆಂದು ಗುರುತು ಮಾಡಿದ್ದ.

"ಕಣ್ಣು ಮುಚ್ಕೊ ತಂಗಿ. ನೋಡಿದ್ರ ಅಂಜಿಕಿ ಆಗತೈತಿ" ಎಂದ.

ಭಾರತಿ ಕಣ್ಣು ಮುಚ್ಚಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಆಗಷ್ಟೇ ಮೊಣಕಾಲಿಗೆ ಬರೆ ಹಾಕಿಸಿಕೊಂಡಿದ್ದ ಮುದುಕಿಯೊಬ್ಬಳು ಸೆರಗು ಕಚ್ಚಿಕೊಂಡು ಕೂತಿದ್ದಳು. ಅವಳ ಮಗಳು ಸುಟ್ಟ ಜಾಗಕ್ಕೆ ಅರಿಶಿನ ಮೆತ್ತುತ್ತಿದ್ದಳು. ಅಂಗಳದಲ್ಲೆಲ್ಲ ಕಮರು ವಾಸನೆ. ಭಾರತಿಯ ಬೆನ್ನ ಹಿಂದೆ ಅವಳ ಗಂಡ ನಿಂಗರಾಜ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

ಸಿಂಧನೂರು–ಲಿಂಗಸುಗೂರು ಬಸ್ಸಿನಲ್ಲಿ ಭಾರತಿ ಕಂಡಕ್ಟರಾಗಿ ಹತ್ತು ವರ್ಷ ದಾಟಿತ್ತು. ಹೋದ ಮಳೆಗಾಲದಲ್ಲಿ ಬೆರಳು ಬಾತಾಗ, ಟಿಕೆಟ್ ಮಷಿನ್ ಒತ್ತಿ ಒತ್ತಿ ಹೀಗಾಗಿರಬೇಕೆಂದು ಮುಲಾಮು ಹಚ್ಚಿಕೊಂಡಿದ್ದಳು. ಆಮೇಲೆ ಮಣಿಕಟ್ಟು ಹಿಡಿಯಿತು. ಆಮೇಲೆ ಪಾದ. ಬೆಳಿಗ್ಗೆ ಏಳುವಾಗ ಕೈಗಳು ಗಾರೆಯೊಳಗೆ ಹುಗಿದಿಟ್ಟಂತೆ ಬಿಗಿದಿರುತ್ತಿದ್ದವು. ಬಿಸಿನೀರಲ್ಲಿ ಬಹಳ ಹೊತ್ತು ಅದ್ದಿಟ್ಟುಕೊಂಡರಷ್ಟೇ ಮುಷ್ಟಿ ಅರ್ಧ ಮಡಚಲು ಬರುತ್ತಿತ್ತು. ಅಲ್ಲಿ ಇಲ್ಲಿ ಸೂಜಿ ಮಾಡಿಸಿಕೊಂಡಳು. ಸೂಜಿಯ ಜೋರು ಇಳಿದ ಮೇಲೆ ನೋವು ಇನ್ನಷ್ಟು ಬಲವಾಗಿ ಬರುತ್ತಿತ್ತು. ಕೊನೆಗೆ ಸಿಂಧನೂರಿನ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ವರದಿಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಹೇಳಿದ್ದರು.

"ಇದು ಕೀಲು ಸವೆದದ್ದಲ್ರೀ, ಕೀಲುವಾತ. ನಿಮ್ಮ ಮೈ ತನ್ನ ಕೀಲನ್ನ ತಾನ ತಿನ್ನಾಕತ್ತೈತಿ. ಇದಕ್ಕ ಬ್ಯಾರೆ ಡಾಕ್ಟ್ರು ಅದಾರ, ರಾಯಚೂರಿಗೆ ಬಂದು ಹೋಗ್ತಾರ."

ಆ ಡಾಕ್ಟರು ಸಿಗುವುದು ಸಂಕ್ರಾಂತಿಯ ಆಚೆಗೆಂದು ಗೊತ್ತಾಯಿತು. ಅಲ್ಲಿಯತನಕ ಮಾತ್ರೆ, ಬಿಸಿನೀರು. ಹೊರಡುವಾಗ ಡಾಕ್ಟರು ಮತ್ತೆ ಕರೆದು, "ಯಾರರೆ ಹೇಳ್ಯಾರಂತ ಬರೆ ಗಿರೆ ಹಾಕಿಸ್ಕೋಬ್ಯಾಡ್ರಿ. ಗಾಯ ಕೀವಾತಂದ್ರ ಅವ್ರು ಕೊಡೋ ಔಷಧ ಸುರು ಮಾಡಾಕ ಬರಂಗಿಲ್ಲ" ಎಂದಿದ್ದರು. ನಿಂಗರಾಜನೂ ಅಲ್ಲೇ ಕೂತಿದ್ದ. ತಲೆ ಅಲ್ಲಾಡಿಸಿದ್ದ.

ನಿಂಗರಾಜ ಬಳಗಾನೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಉರಿಯುವ ಕರ್ಪೂರವನ್ನು ಅಂಗೈಯಿಂದ ಅಂಗೈಗೆ ಹಾರಿಸಿ, ಇದರಲ್ಲಿ ಪವಾಡ ಏನೂ ಇಲ್ಲವೆಂದು ಮಕ್ಕಳಿಗೆ ತೋರಿಸುತ್ತಿದ್ದವನು. ಮನೆಯ ನಡುಗೋಡೆಗೆ ಬುದ್ಧನ ಪಟ ತೂಗುಹಾಕಿದ ದಿನದಿಂದ ಹರಕೆ, ತಾಯಿತ ಯಾವುದೂ ಒಳಗೆ ಬಂದಿರಲಿಲ್ಲ. ಆ ಭಾನುವಾರ ಅವನು ಮಸ್ಕಿಯ ಆಚೆ ಇದ್ದ ಭಾರತಿಯ ಅಕ್ಕನ ಊರಿಗೆ ಹೋಗಿ ಬರೋಣ ಎಂದ. ಮಸ್ಕಿ ದಾಟಿದ ಮೇಲೆ ಬೈಕು ಬೇರೆ ದಾರಿ ಹಿಡಿಯಿತು. ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ, ಅವಳ ಮುಖ ನೋಡದೆ ಹೇಳಿದ: "ಇಲ್ಲಿ ಒಬ್ಬಾಂವ ಅದಾನಂತ. ನಮ್ಮ ಸಾಲಿ ಜವಾನಗ ಕಮ್ಮಿ ಆಗೈತಿ. ಒಂದ್ ಸಲ ನೋಡೂಣು."

ಭಾರತಿಗೆ ಬೇಡ ಅನ್ನುವ ಶಕ್ತಿ ಇರಲಿಲ್ಲ. ಕಚ್ಚಾ ರಸ್ತೆಯ ಕುಲುಕಾಟಕ್ಕೆ ಮಣಿಕಟ್ಟು ಸಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಯಾರಾದರೂ ಬಂದು ಕೈಯನ್ನೇ ಕಡಿದುಕೊಡು ಎಂದಿದ್ದರೂ ಅವಳು ಕೊಡುತ್ತಿದ್ದಳೇನೋ. ಹಾಗೆ ಬಂದು ಮಣೆಯ ಮೇಲೆ ಕೈ ಇಟ್ಟಿದ್ದಳು.

ಮಾನಪ್ಪ ಸಲಾಕೆಯನ್ನು ಹೊರಗೆಳೆದ. ತುದಿ ಮಾಗಿದ ಮೆಣಸಿನಕಾಯಿಯ ಬಣ್ಣಕ್ಕೆ ಬಂದಿತ್ತು. ಚರ್ಮಕ್ಕೆ ತಾಗುವ ಮೊದಲೇ ಅದರ ಝಳ ಭಾರತಿಯ ಮುಂಗೈಗೆ ಹತ್ತಿತು. ಅವಳು ಕೈಯನ್ನು ಹಿಂದೆ ಎಳೆದು ಎದೆಗೆ ಒತ್ತಿಕೊಂಡಳು.

"ಬ್ಯಾಡ" ಎಂದಳು.

"ಅಂಜಬ್ಯಾಡ ತಂಗಿ, ಕಣ್ಣು ಮಿಟುಕಿಸೂದ್ರಾಗ ಮುಗೀತೈತಿ."

"ಅಂಜಿಕಿ ಅಲ್ರಿ. ನಂಗ ಈ ಕೈ ಬೇಕಾಗೈತಿ."

ನಿಂಗರಾಜ ಬಗ್ಗಿ ಅವಳ ಮೊಣಕೈ ಹಿಡಿದ. "ನಾ ಹಿಡ್ಕೊಂಡಿರ್ತೀನಿ. ಇಷ್ಟ್ ದೂರ ಬಂದೀವಿ, ಭಾರತಿ." ಅವನ ಧ್ವನಿ ಬೇಡುವಂತಿತ್ತು, ಆದರೆ ಹಿಡಿತ ಗಟ್ಟಿಯಾಗಿತ್ತು. ಭಾರತಿ ತನ್ನ ಮೊಣಕೈಯನ್ನು ಸುತ್ತಿದ್ದ ಆ ಬೆರಳುಗಳನ್ನು ನೋಡಿದಳು. ನೆಟ್ಟಗಿದ್ದ, ಸೀಮೆಸುಣ್ಣದ ಬಿಳಿ ಹತ್ತಿದ, ಹೇಳಿದಂತೆ ಕೇಳುವ ಬೆರಳುಗಳು.

"ಕೈ ಬಿಡ್ರಿ" ಎಂದಳು. ಅವನು ಬಿಡಲಿಲ್ಲ. ಅವಳು ಇನ್ನೂ ಮೆಲ್ಲಗೆ ಮತ್ತೆ ಹೇಳಿದಳು. ಕಟ್ಟೆಯ ಮೇಲಿನ ಮುದುಕಿ ಸೆರಗನ್ನು ಬಾಯಿಂದ ತೆಗೆದು ಇತ್ತ ನೋಡತೊಡಗಿದಳು.

ಮಾನಪ್ಪ ಇಬ್ಬರನ್ನೂ ನೋಡಿ ಸಲಾಕೆಯನ್ನು ಬೂದಿಗೆ ಚುಚ್ಚಿದ. "ಒಲ್ಲದ ಕೈಗೆ ನಾ ಹಾಕಂಗಿಲ್ಲ ಮಾಸ್ತರ. ಕರ್ಕೊಂಡು ಹೋಗ್ರಿ" ಎಂದು ಮಣೆ ಎತ್ತಿ ಗೋಡೆಗೆ ಆನಿಸಿದ.

ಡಾಂಬರು ರಸ್ತೆಯ ತನಕ ಭಾರತಿ ನಡೆದೇ ಬಂದಳು. ಪಾದ ಊರಿದಾಗಲೆಲ್ಲ ಬೆರಳಿನ ಬುಡದಲ್ಲಿ ಕಲ್ಲು ಚುಚ್ಚಿದಂತಾಗುತ್ತಿತ್ತು. ನಿಂಗರಾಜ ಬೈಕನ್ನು ಮೊದಲ ಗೇರಿನಲ್ಲಿಟ್ಟು ಅವಳ ಪಕ್ಕದಲ್ಲೇ ಬರುತ್ತಿದ್ದ.

"ಹತ್ತು ಭಾರತಿ. ಹಿಂಗ ನಡ್ಯಾಕ ಆಗತೈತೇನು ನಿಂಗ?"

"ಆಗಾಕತ್ತೈತಲ್ಲ."

"ಡಾಕ್ಟ್ರು ಹೇಳಿದ್ದು ನಂಗೂ ನೆನಪೈತಿ. ನಾ ಏನ್ ದಡ್ಡ ಅಲ್ಲ. ಆದ್ರ ಮುಂಜಾನಿ ಮುಂಜಾನಿ ನೀ ಒಂದ್ ಗುಂಡಿ ಹಾಕ್ಕೊಳ್ಳಾಕ ಒದ್ದಾಡೂದು ನೋಡಾಕ ಆಗವಲ್ದು. ಸಂಕ್ರಾಂತಿತನಕ ಸುಮ್ಮನ ನೋಡ್ಕೊಂತ ಕುಂದ್ರಲೇನು?" ಆಮೇಲೆ ಅವನು ಎಲ್ಲವನ್ನೂ ಒಮ್ಮೆಗೇ ಮುಗಿಸಿಬಿಡುವವನಂತೆ ಹೇಳಿದ: "ಡಿಪೊ ಸಾಹೇಬ್ರಿಗೂ ಹೇಳಿ ಬಂದೀನಿ. ಬಸ್‌ಸ್ಟ್ಯಾಂಡಿನಾಗ ಮೈಕಿನ ರೂಮ್ ಐತಲ್ಲ, ಬಸ್ ಬಂತು ಹೋತು ಅಂತ ಹೇಳೂದು, ಆ ಕೆಲಸ ಕೊಡ್ತಾರಂತ. ಕುಂತ ಕಡೆ ಕೆಲಸ."

ಭಾರತಿ ನಿಂತಳು.

"ಯಾವತ್ತು ಹೇಳಿದ್ರಿ?"

"ಶುಕ್ರವಾರ."

"ಕೈ ಸುಡಸಾಕ ನನ್ನ ಕೇಳಲಿಲ್ಲ. ನನ್ನ ಕೆಲಸ ಬಿಡಸಾಕೂ ಕೇಳಲಿಲ್ಲ." ಅವಳು ಕೂಗಲಿಲ್ಲ. "ಕಂಡಕ್ಟರ್ ಆಗ್ತೀನಿ ಅಂದಾಗ ನಿಮ್ಮ ಓಣಿ ಮಂದಿ ಏನೇನ್ ಅಂದ್ರು ನೆನಪೈತೇನು? ಆವಾಗ ನೀವು ನನ್ನ ಬಾಜೂಕ ನಿಂತಿದ್ರಿ."

ಅಷ್ಟರಲ್ಲಿ ಲಿಂಗಸುಗೂರಿನ ಕಡೆಯಿಂದ ಬಸ್ಸು ಬಂತು. ಭಾರತಿ ಕೈ ಎತ್ತಿದಳು. ಡ್ರೈವರ್ ಅವಳ ಗುರುತು ಹಿಡಿದು ನಿಲ್ಲಿಸಿದ. ಕಂಬಿ ಹಿಡಿಯಲು ಬೆರಳು ಬಾಗದ್ದರಿಂದ ಮೊಣಕೈಯನ್ನು ಕಂಬಿಗೆ ಸುತ್ತಿ ಮೈಯನ್ನು ಮೇಲೆಳೆದುಕೊಂಡಳು. ಕಿಟಕಿಯಿಂದ ತಿರುಗಿ ನೋಡಲಿಲ್ಲ. ಮಸ್ಕಿಯ ಬೆಟ್ಟ ಬಂದು ಹಿಂದೆ ಸರಿಯಿತು. ಪಕ್ಕದ ಸೀಟಿನವಳು ಏನೋ ಕೇಳಿದಾಗಲೇ ತನ್ನ ಕಣ್ಣು ಒದ್ದೆಯಾಗಿದ್ದು ಅವಳಿಗೆ ತಿಳಿದದ್ದು. ಸಿಟ್ಟಿನಿಂದಲೋ ನೋವಿನಿಂದಲೋ ಹೇಳುವುದು ಕಷ್ಟವಿತ್ತು.

ಮನೆಯಲ್ಲಿ ಅತ್ತೆ ಪಕೀರಮ್ಮ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಒಬ್ಬಳೇ ಬಂದದ್ದನ್ನು ನೋಡಿ ಏನೋ ಕೇಳಲು ಬಾಯಿ ತೆರೆದವಳು, ಅವಳ ಮಣಿಕಟ್ಟಿನ ಮೇಲಿದ್ದ ಇದ್ದಿಲಿನ ಗೆರೆಗಳನ್ನು ಕಂಡು ಬಡಿಯುವುದನ್ನು ನಿಲ್ಲಿಸಿದಳು. ತವೆಯ ಮೇಲಿನ ರೊಟ್ಟಿಯನ್ನು ಇಳಿಸಿ, ಬೆಂಕಿ ಸಣ್ಣ ಮಾಡಿ, ಒಂದು ಬಟ್ಟೆಯನ್ನು ಬಿಸಿನೀರಲ್ಲಿ ಹಿಂಡಿ ತಂದಳು.

"ಹಾಕಿಸ್ಕೊಂಡೇನು?"

"ಇಲ್ಲತ್ತಿ. ಎದ್ದು ಬಂದೆ."

"ಛಲೋ ಮಾಡಿದಿ." ಪಕೀರಮ್ಮ ಗೆರೆಗಳನ್ನು ಒರೆಸಿದಳು. ನಂತರ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿದಳು. ಚಿಪ್ಪಿನ ಎರಡೂ ಬದಿಗೆ ಸುಟ್ಟ ಕಲೆಗಳಿದ್ದವು, ಹಳೆಯ ಗೋಡೆಯ ಸುಣ್ಣ ಉದುರಿದಂತೆ ಬೆಳ್ಳಗೆ, ಸುಕ್ಕುಸುಕ್ಕಾಗಿ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಭಾರತಿ ಅವನ್ನು ನೋಡಿರಲಿಲ್ಲ. "ಗದ್ದ್ಯಾಗ ನಿಂತು ನಿಂತು ಕಾಲು ಹಿಡಿದಾಗ ನಿಮ್ಮ ಮಾವ ಕರ್ಕೊಂಡು ಹೋಗಿ ಹಾಕಿಸಿದ್ರು. ಸುಟ್ಟ ಉರಿಗೆ ಒಂದಿಷ್ಟು ದಿವಸ ಕಾಲಿನ ನೋವ ಗೊತ್ತಾಗ್ಲಿಲ್ಲ. ಕಮ್ಮಿ ಆತು ಅಂತ ನಾನೂ ಊರ ಮಂದಿಗೆಲ್ಲ ಹೇಳಿದೆ. ಗಾಯ ಮಾಯ್ತು, ನೋವು ತಿರುಗಿ ಬಂತು. ಅದನ್ನ ಮಾತ್ರ ಯಾರಿಗೂ ಹೇಳಲಿಲ್ಲ."

"ಯಾಕತ್ತಿ?"

"ಯಾರಿಗೆ ಹೇಳ್ಲಿ? ನಿಮ್ಮ ಮಾವ ಅವತ್ತು ಹೊರಗ ನಿಂತು ಅತ್ತಿದ್ರು."

ಬಾಗಿಲಲ್ಲಿ ಬೈಕು ನಿಂತ ಸದ್ದಾಯಿತು. ನಿಂಗರಾಜ ಒಳಗೆ ಬಂದು, ತಾಯಿಯ ಮೊಣಕಾಲು ನೋಡಿ, ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ಪಕೀರಮ್ಮ ಸೀರೆ ಕೆಳಗೆಳೆದುಕೊಂಡಳು. "ನಿನ್ನ ಇಷ್ಟು ಓದ್ಸಿದ್ದು ಅದ ದಾರಿ ಹಿಡೀಲಿ ಅಂತಲ್ಲ, ನಿಂಗ್ಯಾ" ಎಂದಷ್ಟೇ ಹೇಳಿ ಒಲೆಯ ಕಡೆ ಹೋದಳು.

ಅವನು ಭಾರತಿಯ ಎದುರು ನೆಲದ ಮೇಲೆ ಕೂತ. ಚಪ್ಪಲಿ ಕಳಚಿ ಬದಿಗಿಟ್ಟ. ಆಮೇಲೆ, "ಮತ್ತ ನಾ ಏನ್ ಮಾಡ್ಲಿ, ಅದನ್ನರ ಹೇಳು" ಎಂದ.

"ನೋವು ನಂದು. ಅದನ್ನ ತಗಿಯಾಕ ನಿಮ್ಮ ಕೈಲೆ ಆಗಂಗಿಲ್ಲ, ಸಂಕ್ರಾಂತಿತನಕ ನನ್ನ ಕೈಲೂ ಆಗಂಗಿಲ್ಲ" ಎಂದಳು ಭಾರತಿ. "ಗುಂಡಿ ಹಾಕಾಕ ಆಗತೈತಲ್ಲ, ಹಾಕ್ರಿ. ನೀರು ಕಾಸಾಕ ಆಗತೈತಿ, ಕಾಸ್ರಿ. ನನ್ನ ನೋಡಿ ಮರಮರ ಮರುಗಬ್ಯಾಡ್ರಿ. ಅದನ್ನೂ ನಾನ ಹೊರಬೇಕಾಗತೈತಿ."

ಮರುದಿನ ಬೆಳಿಗ್ಗೆ ಅವನು ಅವಳ ಖಾಕಿ ಅಂಗಿಯ ಗುಂಡಿಗಳನ್ನು ಹಾಕಿದ. ಮೇಲಿನಿಂದ ಶುರುಮಾಡಿ ಒಂದು ಗುಂಡಿ ತಪ್ಪಿಸಿದ್ದರಿಂದ ಕೆಳಗೆ ಅಂಗಿಯ ಅಂಚು ಹೆಚ್ಚುಕಡಿಮೆಯಾಯಿತು. ಮತ್ತೆ ಎಲ್ಲ ಬಿಚ್ಚಿ ಹಾಕಬೇಕಾಯಿತು. ಭಾರತಿಗೆ ನಗು ಬಂತು, ಅವನಿಗೆ ಬರಲಿಲ್ಲ.

ಡಿಪೊದಲ್ಲಿ ಸಾಹೇಬರು ಅವಳಿಗೆ ಕುರ್ಚಿ ತೋರಿಸಿದರು. "ಮಾಸ್ತರು ಹೇಳ್ಯಾರಮ್ಮ. ಮೈಕಿನ ರೂಮಿಗೆ ಹಾಕಿಬಿಡ್ತೀನಿ, ಚಿಂತಿ ಮಾಡಬ್ಯಾಡ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ಭಾರತಿ ಕೂರಲಿಲ್ಲ. "ಅದನ್ನ ನಾ ಕೇಳಿಲ್ರಿ ಸರ. ಅವ್ರು ಕೇಳ್ಯಾರ. ನಾ ಕೇಳೂದು ಬ್ಯಾರೆ ಐತಿ. ನನ್ನ ಕೈ ಬಿಸಿಲೇರೂತನಕ ಮಾತು ಕೇಳಂಗಿಲ್ಲ. ನಸುಕಿನ ಬಸ್ಸು ಬಿಡಿಸಿ ಹೊತ್ತೇರಿದ ಮ್ಯಾಲಿನ ಬಸ್ಸು ಕೊಡ್ರಿ."

"ಆ ಹೊತ್ತಿಗೆ ಇರೋದು ಲೋಕಲ್. ಎಲ್ಲಾ ಹಳ್ಳೀಗೂ ನಿಲ್ತದ. ಮಂದಿ ಮುಗಿಬಿದ್ದು ಹತ್ತತಾರ."

"ಹತ್ತಲಿ ಬಿಡ್ರಿ."

ಸಾಹೇಬರು ಅವಳ ಕೈಗಳನ್ನು ನೋಡಿದರು. ಇಷ್ಟು ದಿನ ಅವಳು ಅವನ್ನು ಅವರೆದುರು ಚೀಲದ ಹಿಂದೆ ಮರೆಮಾಡುತ್ತಿದ್ದಳು. ಇಂದು ಮೇಜಿನ ಅಂಚಿಗೆ ಇಟ್ಟುಕೊಂಡು ನಿಂತಿದ್ದಳು. "ಸಂಕ್ರಾಂತಿತನಕ ನೋಡೂಣು. ಆಗಲಿಲ್ಲಂದ್ರ ನೀನ ಬಂದು ಹೇಳಬೇಕು" ಎಂದರು.

"ಆಗಲಿಲ್ಲಂದ್ರ ನಾನ ಹೇಳ್ತೀನ್ರಿ" ಎಂದಳು.

ಲೋಕಲ್ ಬಸ್ಸಿನ ಡ್ರೈವರ್ ಜಿಲಾನಿಸಾಬ್. ರಿಟೈರಾಗಲು ಹತ್ತಿರ ಬಂದವನು, ಗಡಿಬಿಡಿ ಇಲ್ಲದವನು. ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲೇ ಸೀಟು ತುಂಬಿದವು. ಭಾರತಿ ಮಷಿನ್ನನ್ನು ಎಡ ಮುಂಗೈಗೆ ಆನಿಸಿ ಬಲಗೈಯ ಹೆಬ್ಬೆರಳಿನ ಗೆಣ್ಣಿನಿಂದ ಒತ್ತುತ್ತಿದ್ದಳು. ಒಂದೊಂದು ಟಿಕೆಟ್ಟಿಗೂ ಹೊತ್ತು ಹಿಡಿಯುತ್ತಿತ್ತು. ಹಿಂದಿನಿಂದ ಯಾರೋ ಗೊಣಗಿದರು. ಆಮೇಲೆ ಇನ್ನೊಬ್ಬರು. ಮೊದಲಾಗಿದ್ದರೆ ಅವಳು ತಲೆ ತಗ್ಗಿಸಿ, ಹಲ್ಲು ಕಚ್ಚಿ, ಇನ್ನೂ ಜೋರಾಗಿ ಒತ್ತಿ, ಸಂಜೆ ಅದರ ಫಲ ಉಣ್ಣುತ್ತಿದ್ದಳು.

ಬಸ್ಸಿನ ನಡುಮಧ್ಯ ನಿಂತು ಬಲಗೈ ಎತ್ತಿದಳು.

"ಎಲ್ಲಾರೂ ಒಂದೀಟು ಕೇಳ್ರಿ. ನನ್ನ ಕೈಗೆ ಬ್ಯಾನಿ ಐತಿ, ಕೀಲು ಬಾತಾವ. ಯಾರಿಗೂ ಹತ್ತಂಗಿಲ್ಲ, ಅಂಜಬ್ಯಾಡ್ರಿ. ಟಿಕೆಟ್ ತಡಾ ಆಗತೈತಿ, ತಪ್ಪಂಗಿಲ್ಲ. ಊರ ಹೆಸರು ಬಾಯಾಗ, ಚಿಲ್ಲರಿ ಇಲ್ಲಾ ಆಧಾರ ಕಾರ್ಡು ಕೈಯಾಗ ತಯಾರ ಇಟ್ಕೋರಿ."

ಕೆಲವರು ಚೀಲದೊಳಗೆ ಕೈ ಹಾಕಿ ಹುಡುಕತೊಡಗಿದರು. ಬಾಗಿಲ ಬಳಿ ನಿಂತಿದ್ದ ದಪ್ಪ ಮೀಸೆಯವನೊಬ್ಬ ಕೇಳಿಯೇ ಬಿಟ್ಟ: "ಯಾಕವ್ವ, ಡಿಪೊದಾಗ ಗಂಡಸ್ರು ಇದ್ದಿಲ್ಲೇನು?"

"ಅದಾರ ಅಣ್ಣ. ಅವ್ರ ಬಸ್ಸು ಹಿಂದ ಬರಾಕತ್ತೈತಿ. ನಿಲ್ಲಸ್ಲೇನು, ಇಳೀತೀಯಾ?"

ಹೆಂಗಸರ ಸೀಟುಗಳಲ್ಲಿ ನಗು ಎದ್ದಿತು. ಜಿಲಾನಿಸಾಬ್ ನಿಜವಾಗಿಯೂ ಬಸ್ಸನ್ನು ನಿಧಾನ ಮಾಡಿ ಕನ್ನಡಿಯಲ್ಲಿ ನೋಡಿದ. ಮೀಸೆಯವನು ಕಿಟಕಿಯ ಕಡೆ ಮುಖ ತಿರುಗಿಸಿ, "ಮಸ್ಕಿ ಒಂದ್ ಕೊಡು" ಎಂದ. ಭಾರತಿ ಗೆಣ್ಣಿನಿಂದ ಒತ್ತಿದಳು. ನೋವು ಮಣಿಕಟ್ಟಿನಿಂದ ಮೊಣಕೈಯ ತನಕ ಓಡಿ ನಿಂತಿತು. ಅದು ಇಳಿಯುವ ತನಕ ಕಂಬಿಗೆ ಸೊಂಟ ಆನಿಸಿ ಕಾದಳು. ಆಮೇಲೆ ಟಿಕೆಟ್ ಹರಿದು ಕೊಟ್ಟಳು.

ನಾಲೆ ದಾಟಿದ ಮೇಲೆ ರಸ್ತೆಯ ಅರ್ಧ ಭಾಗಕ್ಕೆ ಭತ್ತ ಹರವಿದ್ದರು. ಜಿಲಾನಿಸಾಬ್ ಉಳಿದರ್ಧದಲ್ಲಿ ಮೆಲ್ಲಗೆ ಬಸ್ಸು ನಡೆಸಿದ. ಹೆಂಗಸೊಬ್ಬಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಿಸಿಲಿಗೆ ಕಾದ ಭತ್ತದೊಳಗೆ ಪಾದ ಎಳೆಯುತ್ತಾ, ಕಾಳುಗಳನ್ನು ಮಗುಚುತ್ತಾ ಹೋಗುತ್ತಿದ್ದಳು. ಬಸ್ಸು ಬಂದದ್ದಕ್ಕೆ ಅವಳು ಸರಿಯಲಿಲ್ಲ, ತಿರುಗಿಯೂ ನೋಡಲಿಲ್ಲ. ಅವಳ ಹಿಂದೆ ಉದ್ದಕ್ಕೂ ಎರಡು ಸಾಲು ಬೀಳುತ್ತಾ ಹೋಗುತ್ತಿದ್ದವು.

"ಮುಂದ ಯಾರ್ರಿ?" ಎಂದಳು ಭಾರತಿ.