ಮಗುಚಿದ ಹಾಳೆ

ನಮ್ಮ ಅತ್ತೆಯ ಕೈಗೆ ಅವರದೇ ಫೋಟೋ ಕೊಡುವುದೂ ಒಂದೇ, ಜೇನುಗೂಡಿಗೆ ಕಲ್ಲು ಬೀರುವುದೂ ಒಂದೇ. ತೋಳು ಚಾಚಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, "ಇದ್ಯಾವಳು?" ಎನ್ನುತ್ತಾರೆ. "ನೀವೇ ಅತ್ತೆ" ಎಂದರೆ ಮುಗಿಯಿತು. "ನಾನಾ? ನನ್ನ ಬಾಯಿ ಹೀಗಿದ್ಯಾ? ತೆಗೆದವನಿಗೆ ಮೊದ್ಲು ಒಂದು ಕನ್ನಡಕ ಕೊಡ್ಸಿ" ಎಂದು ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕುತ್ತಾರೆ. ನಮ್ಮ ಮದುವೆಯ ಫೋಟೋದಲ್ಲಿ ನನ್ನ ಪಕ್ಕ ನಿಂತವಳು ಯಾರೋ ಹೊರಗಿನ ಹೆಂಗಸಂತೆ. ಅತ್ತೆಗೆ ತಾನು ದೊಡ್ಡ ಚೆಲುವೆ ಎಂಬ ಗುಂಗು ಇನ್ನೂ ಇಳಿದಿಲ್ಲ ಎಂದು ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು.

ಅವರ ಮುಖವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ, ಅದೂ ನಿಜ. ಎಡ ಹುಬ್ಬನ್ನು ಸೀಳಿದ ಹಳೆಯ ಗಾಯದ ಗುರುತು. ನಕ್ಕರೆ, ಬೈದರೆ, ಸುಮ್ಮನಿದ್ದರೂ ಎಡಕ್ಕೇ ಎಳೆಯುವ ಬಾಯಿ. ಬೈತಲೆಯೂ ಎಡಕ್ಕೆ. ಎಷ್ಟು ಪಿನ್ನು ಚುಚ್ಚಿದರೂ ಎಡ ಕಿವಿಯ ಮುಂದೆ ಜಾರಿ ಬೀಳುವ ಒಂದು ಎಳೆ ಕೂದಲು. ಮಂಡಿ ಕೈಕೊಡುವವರೆಗೂ ಅತ್ತೆ ಬಟ್ಟೆ ಹೊಲಿದು ಮನೆ ನಡೆಸಿದವರು. ಹೊಲಿಗೆಯ ಕೋಣೆಯಲ್ಲಿ ಆಳೆತ್ತರದ ಕನ್ನಡಿಯೊಂದಿತ್ತು. ಕೆಲಸ ಬಿಟ್ಟಾಗ ಮೆಷಿನ್ ಮಾರಿದರು, ಕನ್ನಡಿಯನ್ನು ಮಾತ್ರ ತಮ್ಮ ಕೋಣೆಗೆ ಸಾಗಿಸಿಕೊಂಡರು.

ಅವರ ಮಗಳು, ನನ್ನ ನಾದಿನಿ, ಕತ್ತರಿಸುವುದು ಕಾಗದ. ನಾನು ಅಚ್ಚು ಹಾಕುವವಳು. ಮನೆಯ ಕೆಳಗೇ ನನ್ನ ಅಚ್ಚಿನ ಕೋಣೆ: ಮಂಚದಷ್ಟು ಉದ್ದದ ಕೈಪ್ರೆಸ್ಸು, ಶಾಯಿ ಕಲಸುವ ಗಾಜಿನ ಮೇಜು, ಮುಂದುಗಡೆ ಚಿತ್ರಗಳನ್ನು ತೂಗುಹಾಕಲು ಒಂದು ಹಜಾರ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಯಾರ ಕೆಲಸವನ್ನೂ ಸುಲಭಕ್ಕೆ ಹೊಗಳುವವಳಲ್ಲ. ಆದರೆ ನಾದಿನಿ ಮುಗಿಸಿದ ಹಾಳೆಯನ್ನು ಬೆಳಕಿಗೆ ಎತ್ತಿ ಹಿಡಿದಳೆಂದರೆ, ಇಷ್ಟು ವರ್ಷವಾದ ಮೇಲೂ ನನ್ನ ಬಾಯಿ ಕಟ್ಟಿಹೋಗುತ್ತದೆ. ಅವಳದು ಒಂದೇ ನಿಯಮ. ಒಂದು ಹಾಳೆ, ಒಂದು ಬ್ಲೇಡು. ಅಂಟಿಸುವಂತಿಲ್ಲ, ತೇಪೆ ಹಾಕುವಂತಿಲ್ಲ. ಎಲೆ ಕಡ್ಡಿಯನ್ನು ಹಿಡಿದಿರಬೇಕು, ಕಡ್ಡಿ ಕೊಂಬೆಯನ್ನು, ಕೊಂಬೆ ಹಕ್ಕಿಯನ್ನು. ಎಲ್ಲೋ ಒಂದು ಕಡೆ ಬ್ಲೇಡು ಜಾರಿತೋ, ಅರ್ಧ ಮರವೇ ನೆಲಕ್ಕೆ. ಗಾಳಿ ಬೀಸಿದರೆ ಉಸಿರಾಡುವ ಅಂಥ ಹಾಳೆಯ ಮುಂದೆ ನಾನು ಎಷ್ಟು ಸಲ ಮೂಗಿಗೆ ಕೈ ಅಡ್ಡ ಹಿಡಿದು ನಿಂತಿದ್ದೇನೋ!

ಅತ್ತೆ ಮಾತ್ರ ಒಂದನ್ನೂ ನೋಡಿದವರಲ್ಲ. "ಬಟ್ಟೆ ಕತ್ತರಿಸಿದ್ರೆ ಯಾರದೋ ಮೈ ಮುಚ್ಚುತ್ತೆ. ಕಾಗದ ಕತ್ತರಿಸಿದ್ರೆ ಏನಾಗುತ್ತೆ? ಗುಡಿಸೋ ಕೆಲಸ ಆಗುತ್ತೆ" ಎನ್ನುತ್ತಿದ್ದರು. ಕೆಳಗಿನ ಹಜಾರದಲ್ಲಿ ಮಗಳ ಪ್ರದರ್ಶನ ಎಷ್ಟು ಸಲ ನಡೆದರೂ, ಮೆಟ್ಟಿಲು ಇಳಿಯಲು ಅವತ್ತೇ ಅವರ ಮಂಡಿ ನೋಯುತ್ತಿತ್ತು.

ಈ ಸಲ ನಾದಿನಿ ಕತ್ತರಿಸಲು ಹೊರಟಿದ್ದು ಅಮ್ಮನನ್ನೇ. ಆಳೆತ್ತರ, ಕೊರಳಲ್ಲಿ ಅಳತೆ ಟೇಪು, ಹೆಗಲ ಮೇಲೆ ಶಾಲು. ಎಂದಿನಂತೆ ಹಾಳೆಯನ್ನೇ ತೂಗುಹಾಕಲು ಅವಳಿಗೆ ಇಷ್ಟವಿರಲಿಲ್ಲ.

"ತೂತಿನಲ್ಲೆಲ್ಲ ಗೋಡೆ ಕಾಣುತ್ತೆ ಅತ್ತಿಗೆ. ಅಮ್ಮನ ಒಳಗೆ ಗೋಡೆ ಕಾಣಬಾರದು. ಅಚ್ಚು ಹಾಕಿಕೊಡಿ."

"ಹಾಕ್ತೀನಿ. ಆದ್ರೆ ಒಂದೇ ಅಚ್ಚು ಕಣೆ. ಶಾಯಿಗೆ ಅಂಟಿದ ಮೇಲೆ ನಿನ್ನ ಹಾಳೆ ಇಡಿಯಾಗಿ ಏಳಲ್ಲ. ಚಿಂದಿ ಆಗುತ್ತೆ."

"ಒಂದು ಸಾಕು. ಅಮ್ಮ ಬಂದು ಅದರ ಮುಂದೆ ನಿಲ್ಲಬೇಕು, ಅಷ್ಟೇ. ನಿಂತು 'ಇದ್ಯಾವಳು' ಅಂದ್ಲು ಅಂದ್ರೆ, ನಾನು ಇನ್ನು ಬ್ಲೇಡು ಮುಟ್ಟಲ್ಲ."

ತಮಾಷೆಗೆ ಹೇಳಿದಳೇನೋ ಎಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಅಷ್ಟಕ್ಕೇ ಸುಮ್ಮನಿರಬೇಕಿತ್ತು ನಾನು. "ಹಾಗಾದ್ರೆ ಆ ಬಾಯನ್ನ ಒಂಚೂರು ನೆಟ್ಟಗೆ ಮಾಡೇ. ಇಲ್ದಿದ್ರೆ ಅತ್ತೆ ಅನ್ನೋದು ಅದನ್ನೇ" ಎಂದುಬಿಟ್ಟೆ. ಅವಳಿಗೆ ಪಿತ್ತ ನೆತ್ತಿಗೇರಿತು.

"ಅಚ್ಚು ನಿಮ್ಮದು, ಬಾಯಿ ನಂದು. ನಿಮ್ಮ ಕೆಲಸ ನೀವು ನೋಡ್ಕೊಳ್ಳಿ."

ಅಲ್ಲಿಗೆ ಮಾತು ನಿಂತಿತು. ಒಂದೇ ಸೂರಿನಡಿ ಇದ್ದುಕೊಂಡು ಇಬ್ಬರೂ ಮುಖ ಊದಿಸಿಕೊಂಡು ತಿರುಗಿದೆವು. ಉಪ್ಪಿನ ಡಬ್ಬಿ ಬೇಕಾದರೂ ಮಧ್ಯೆ ನಮ್ಮನೆಯವರು ದಾಟಿಸಬೇಕಿತ್ತು. ಹಾಳೆ ಮುಗಿದಾಗ ಅದನ್ನು ತೆಳ್ಳನೆಯ ಟಿಶ್ಯೂ ಕಾಗದದ ಎರಡು ಪದರಗಳ ನಡುವೆ ಸುತ್ತಿ, ತುಟಿ ಪಿಟಕ್ಕೆನ್ನದೆ ನನ್ನ ಮೇಜಿನ ಮೇಲಿಟ್ಟು ಹೋದಳು.

ಅಚ್ಚಿನ ಸಂಗತಿ ಇಷ್ಟೆ: ತಗಡಿನ ಮೇಲಿರುವುದು ಕಾಗದಕ್ಕೆ ಬರುವಾಗ ಎಡಬಲ ಅದಲುಬದಲಾಗುತ್ತದೆ. ಅದಕ್ಕೇ ಅಚ್ಚಿನವರು ಎಲ್ಲವನ್ನೂ ಮೊದಲೇ ಮಗುಚಿ ಇಡುತ್ತೇವೆ. ನಾದಿನಿಯ ಕೆಲಸವೆಲ್ಲ ಗೋಡೆಗೆ ಹೋಗುವಂಥದ್ದು, ಪ್ರೆಸ್ಸಿಗೆ ಬಂದದ್ದು ಇದೇ ಮೊದಲು. ಅವಳಿಗೇನು ಗೊತ್ತು, ನೆಟ್ಟಗೇ ಕತ್ತರಿಸಿರುತ್ತಾಳೆ ಎಂದುಕೊಂಡೆ. ಟಿಶ್ಯೂ ಸಮೇತ ಹಾಳೆಯನ್ನು ಹುಷಾರಾಗಿ ಮಗುಚಿಟ್ಟೆ. ಒಂದು ಮಾತು ಕೇಳಬಹುದಿತ್ತು. ಆದರೆ ಮಾತು ಬಿಟ್ಟವಳು ಅವಳು, ಮೊದಲು ಮಾತಾಡಬೇಕಾದವಳೂ ಅವಳೇ ತಾನೇ?

ಪ್ರದರ್ಶನದ ಹಿಂದಿನ ದಿನ ಬೆಳಗ್ಗೆ ಅವಳು ಕೆಳಗೆ ಬಂದಳು. ದೊಡ್ಡ ತಗಡಿನ ಮೇಲೆ ಕಪ್ಪು ಶಾಯಿಯನ್ನು ರೋಲರಿನಲ್ಲಿ ಹರಡಿದೆ. ಶಾಯಿ ಸರಿಯಾಗಿದ್ದರೆ ರೋಲರಿನ ಕೆಳಗೆ ಸಣ್ಣಗೆ ಚರಚರ ಸದ್ದು ಬರುತ್ತದೆ. ಅದು ಬಂದಾಗ ತಲೆಯಾಡಿಸಿದೆ. ಅವಳು ಒಂದು ತುದಿ, ನಾನು ಒಂದು ತುದಿ ಹಿಡಿದು, ಅಡಿಯ ಟಿಶ್ಯೂವನ್ನು ಜಾರಿಸಿ ತೆಗೆಯುತ್ತ, ಹಾಳೆಯನ್ನು ತಗಡಿನ ಮೇಲೆ ಇಳಿಸಿದೆವು. ಕಾಲಿನ ಕಡೆಯಿಂದ ಅವಳು ಮೇಲಿನ ಟಿಶ್ಯೂವನ್ನು ಎಳೆಯುತ್ತ ಹೋದಂತೆ, ಅದರ ಬೆನ್ನಿಗೇ ನಾನು ಒದ್ದೆ ಮಾಡಿದ ದಪ್ಪ ಕಾಗದವನ್ನು ಹಾಸುತ್ತ ಹೋದೆ. ಒಮ್ಮೆಗೆ ಅಂಗೈಯಗಲ ಕಂಡರೆ ಹೆಚ್ಚು. ಆ ಅಂಗೈಯಗಲದಲ್ಲೇ ಶಾಲಿನ ನೇಯ್ಗೆ ಕಂಡಿತು, ಟೇಪಿನ ಗೀಟುಗಳು ಕಂಡವು. ದಾರಕ್ಕಿಂತ ಸಣ್ಣ ಕಾಗದದ ಎಳೆಗಳು ಒಂದರ ಕೈ ಒಂದು ಹಿಡಿದಿದ್ದವು. ಇವಳು ಮನುಷ್ಯಳೋ ಏನೋ ಎನ್ನಿಸಿತು. ಮುಖ ಬರುವ ಹೊತ್ತಿಗೆ ಇಬ್ಬರ ಕಣ್ಣೂ ಕಾಗದದ ಮೂಲೆಯ ಮೇಲೆ ನೆಟ್ಟಿತ್ತು, ಅಲ್ಲಿ ಸುಕ್ಕು ಬಿದ್ದರೆ ಎಲ್ಲವೂ ಹೋಗುತ್ತಿತ್ತು.

ಮೇಲೆ ಕಂಬಳಿ ಹಾಸಿ ಚಕ್ರ ತಿರುಗಿಸಿದೆ. ನಡುವೆ ನಿಲ್ಲಿಸುವ ಹಾಗಿಲ್ಲ. ನಿಂತರೆ ಅಲ್ಲೇ ಗೆರೆ ಬೀಳುತ್ತದೆ. ಭುಜ ಬಿದ್ದುಹೋಗುತ್ತದೆನ್ನುವ ಹೊತ್ತಿಗೆ ತಗಡು ಆ ಕಡೆಯಿಂದ ಹೊರಬಂತು. ಕಂಬಳಿ ಸರಿಸಿ, ಇಬ್ಬರೂ ಒಂದೊಂದು ಮೂಲೆ ಹಿಡಿದು ಕಾಗದವನ್ನು ಎತ್ತಿದೆವು.

ಅಬ್ಬಾ! ಇಷ್ಟು ವರ್ಷದಲ್ಲಿ ಈ ಪ್ರೆಸ್ಸಿನಿಂದ ಅಂಥದ್ದು ಎದ್ದು ಬಂದದ್ದನ್ನು ನಾನು ನೋಡಿಲ್ಲ. ಕಗ್ಗಪ್ಪಿನೊಳಗಿಂದ ಒಬ್ಬ ಹೆಂಗಸು ನಡೆದು ಬಂದಿದ್ದಳು. ಕಾಗದದ ಒತ್ತಿಗೆ ಅವಳ ಕೆನ್ನೆಯ ಸುಕ್ಕುಗಳು ನಿಜವಾಗಿಯೂ ಉಬ್ಬಿ ನಿಂತಿದ್ದವು. ಬೆರಳಿಟ್ಟರೆ ಬೆಚ್ಚಗಿರಬಹುದು ಅನ್ನಿಸಿತು. ಜಗಳ ಮರೆತುಹೋಯಿತು. "ಏನೇ ಇದು, ಏನೇ ಮಾಡಿದೀಯ ನೀನು!" ಎಂದೆ. ನನ್ನ ಕಣ್ಣಲ್ಲಿ ನೀರಿತ್ತು, ಹೇಳಲು ನಾಚಿಕೆಯಿಲ್ಲ.

ನಾದಿನಿಯ ಮುಖ ಬಿಳಿಚಿಕೊಂಡಿತ್ತು.

"ಅತ್ತಿಗೆ, ಗಾಯ ನೋಡಿ."

ಗಾಯ ಬಲ ಹುಬ್ಬಿನಲ್ಲಿತ್ತು. ಬಾಯಿ ಬಲಕ್ಕೆ ಎಳೆದಿತ್ತು. ಬೈತಲೆ, ಜಾರಿದ ಕೂದಲಿನ ಎಳೆ, ಎಲ್ಲವೂ ಬಲಕ್ಕೆ.

"ನೀವು ಹಾಳೆ ಮಗುಚಿದ್ರಾ?"

"ಮಗುಚದೆ ಇನ್ನೇನು? ಅಚ್ಚಿನಲ್ಲಿ ತಿರುಗುತ್ತಲ್ಲ!"

"ತಿರುಗುತ್ತೆ ಅಂತ ನಂಗೊತ್ತಿಲ್ವಾ? ಅದಕ್ಕೇ ಮೊದಲೇ ತಿರುಗಿಸಿ ಕತ್ತರಿಸಿದ್ದೆ!"

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ಬಾಯಿ ಬಿಟ್ಟು ಕೇಳೋಕೇನಾಗಿತ್ತು ನಿಮಗೆ?"

ಇಬ್ಬರು ಜಾಣೆಯರು ಸೇರಿ ಮಾಡಿದ ಘನಕಾರ್ಯ ಅದು. ತಗಡಿನ ಮೇಲೆ ಅವಳ ಹಾಳೆ ಶಾಯಿಗೆ ಕಚ್ಚಿಕೊಂಡು, ಮುಟ್ಟಿದಲ್ಲೆಲ್ಲ ಚಿಂದಿಯಾಗಿ ಏಳುತ್ತಿತ್ತು. ಸಂಕಟ ಹೆಚ್ಚಿದಷ್ಟೂ ನನ್ನ ದನಿ ಏರುತ್ತದೆ, ಹುಟ್ಟುಗುಣ. ಅವಳದೂ ಏರಿತು. ಗಲಾಟೆ ಕೇಳಿ ನಮ್ಮನೆಯವರು ಓಡಿ ಬಂದು, ಅಚ್ಚನ್ನು ನೋಡಿ, ತಲೆ ಒಂದು ಕಡೆ ವಾಲಿಸಿ, "ಚೆನ್ನಾಗಿದೆ. ಆದ್ರೆ ಅಮ್ಮ ಅಲ್ಲ. ಅಮ್ಮನ ತಂಗಿ ಇದ್ದಿದ್ರೆ ಹೀಗಿರ್ತಿದ್ಲು" ಎಂದರು. ನಾದಿನಿ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು.

"ಮಗನಿಗೇ ಗುರುತು ಸಿಗ್ಲಿಲ್ಲ. ಅಮ್ಮನ್ನ ಕರೀಬೇಡಿ. ಇದನ್ನ ಸುತ್ತಿಡಿ ಅತ್ತಿಗೆ, ನಂಗೆ ಇನ್ನು ಇದೆಲ್ಲ ಬೇಡ."

ಬೇಡ ಎಂದ ದನಿಯಲ್ಲಿ ಕೋಪವೇ ಇರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಕಾಗದ ಒಣಗಬೇಕಿತ್ತಲ್ಲ, ಸುತ್ತುವಂತಿರಲಿಲ್ಲ. ನಾನೂ ನಮ್ಮನೆಯವರೂ ಅದನ್ನು ಹಜಾರದ ಗೋಡೆಗೆ ಕ್ಲಿಪ್ಪು ಹಾಕಿ ನಿಲ್ಲಿಸಿದೆವು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದು. ಪ್ರದರ್ಶನಕ್ಕೆ ನೋಯುವ ಮಂಡಿ ಜಗಳಕ್ಕೆ ನೋಯುವುದಿಲ್ಲ. ಮನೆಯಲ್ಲಿ ಎರಡು ದನಿ ಏರಿದರೆ ಅತ್ತೆ ಅಲ್ಲಿ ಹಾಜರು.

"ಏನ್ರೇ ಅದು, ಬೀದಿಯವರೆಲ್ಲ ಕೇಳಿಸ್ಕೋಬೇಕಾ..." ಎನ್ನುತ್ತ ಬಾಗಿಲು ದಾಟಿದವರು ಅಲ್ಲೇ ನಿಂತರು. ಅಚ್ಚು ಎದುರಿಗೇ ಇತ್ತು. ನಾದಿನಿ ಎದ್ದು ಅಡ್ಡ ನಿಲ್ಲಲು ಹೋದಳು, ನಾನು ಅವಳ ತೋಳು ಹಿಡಿದೆ. ಏಕೆ ಹಿಡಿದೆನೋ ಗೊತ್ತಿಲ್ಲ. ಅತ್ತೆಯ ಮುಖದಲ್ಲಿ ಏನೋ ಇತ್ತು.

ಅವರು ಕೋಲನ್ನು ಬಾಗಿಲಿಗೆ ಒರಗಿಸಿ, ಬರಿಗಾಲಲ್ಲಿ ಒಂದೊಂದೇ ಹೆಜ್ಜೆ ಹತ್ತಿರ ಹೋದರು. ಆಳೆತ್ತರದ ಹೆಂಗಸು, ಆಳೆತ್ತರದ ಅಚ್ಚು, ನಡುವೆ ಒಂದು ಮಾರು ಅಂತರ. ಕಾಗದದವಳ ಬಲ ಕಿವಿಯ ಮುಂದೆ, ಅಂದರೆ ಅತ್ತೆ ನಿಂತಲ್ಲಿಂದ ಎಡಗಡೆಗೆ, ಆ ಒಂದು ಎಳೆ ಕೂದಲು ಜಾರಿತ್ತು. ಅತ್ತೆ ಅದನ್ನೇ ನೋಡಿದರು. ಆಮೇಲೆ ಅವರ ಎಡಗೈ ತಾನಾಗಿ ಮೇಲೆದ್ದು, ತಮ್ಮ ಎಡ ಕಿವಿಯ ಮುಂದಿನ ಎಳೆಯನ್ನು ಹಿಂದಕ್ಕೆ ಸಿಕ್ಕಿಸಿತು. ಸಿಕ್ಕಿಸಿ, ಎದುರಿನವಳೂ ಸಿಕ್ಕಿಸಿಕೊಳ್ಳಲಿ ಎಂಬಂತೆ ಕಾದರು.

ಆಗ ಹೊಳೆಯಿತು ನನಗೆ. ಈ ಹೆಂಗಸು ತನ್ನ ಮುಖವೆಂದು ಬಲ್ಲದ್ದು ಎಡಬಲ ತಿರುಗಿದ ಕನ್ನಡಿಯ ಮುಖವನ್ನೇ. ನಾವು ದಿನಾ ಎದುರು ಕೂತು ನೋಡಿದ ಅತ್ತೆ ಅವರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿದ್ದ ಅತ್ತೆಯನ್ನು ನಾವ್ಯಾರೂ, ಹೆತ್ತ ಮಕ್ಕಳೂ, ಇವತ್ತಿನವರೆಗೆ ನೋಡಿಲ್ಲ.

"ಇದು ನಾನು" ಎಂದರು ಅತ್ತೆ. ಮಗಳ ಕಡೆ ತಿರುಗಿದರು. "ಕನ್ನಡಿ ಮುಂದೆ ನಾನು ಒಬ್ಳೇ ಇರ್ತಿದ್ದೆ ಕಣೆ. ಒಳಗಿದ್ದವಳನ್ನ ನೀನು ಯಾವಾಗ ನೋಡಿದೆ?"

ನಾನು ನಾದಿನಿಯ ಕಾಲು ತುಳಿದೆ. ಸುಮ್ಮನಿರೇ ಮಾರಾಯ್ತಿ ಎಂದು ಕಣ್ಣಲ್ಲೇ ಬೇಡಿಕೊಂಡೆ. ಆದರೆ ಅವಳು ಸುಳ್ಳು ಹೇಳಲಾರಳು, ಬ್ಲೇಡಿನ ಕೈಯವಳು.

"ಅಮ್ಮ, ಇದು ತಪ್ಪಾಗಿದೆ. ಇಬ್ಬರೂ ಸೇರಿ ಎಡವಟ್ಟು ಮಾಡಿದ್ವಿ. ಎಲ್ಲ ತಿರುವುಮುರುವು ಆಗ್ಬಿಟ್ಟಿದೆ."

ಅತ್ತೆ ಮತ್ತೊಮ್ಮೆ ಅಚ್ಚು ನೋಡಿದರು, ನಮ್ಮ ಮೂವರನ್ನೂ ನೋಡಿದರು. ಬಾಯಿ ಎಡಕ್ಕೆ ಎಳೆಯಿತು.

"ಇದು ಸರಿಯಾಗೇ ಇದೆ. ತಿರುವುಮುರುವು ಆಗಿರೋದು ನೀವು. ಇಷ್ಟು ವರ್ಷ ಯಾವಳನ್ನ ನೋಡ್ಕೊಂಡು ಅಮ್ಮ, ಅತ್ತೆ ಅಂತಿದ್ರೋ, ನಿಮಗೇ ಗೊತ್ತು."

ನಮ್ಮನೆಯವರು ಪಕ್ಕನೆ ನಕ್ಕರು. ನಾದಿನಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಅತ್ತೆ ಅವಳ ಬಲಗೈಯನ್ನು ಎಳೆದುಕೊಂಡು ಮಗುಚಿ ನೋಡಿದರು. ತೋರುಬೆರಳಿನ ಬದಿಯಲ್ಲಿ ಬ್ಲೇಡು ಒತ್ತಿ ಒತ್ತಿ ಗಟ್ಟಿಯಾದ ಚರ್ಮ. ಕತ್ತರಿ ಹಿಡಿದ ತಮ್ಮ ಬೆರಳಿನ ಗಟ್ಟಿ ಚರ್ಮವನ್ನು ಅದರ ಪಕ್ಕಕ್ಕಿಟ್ಟರು.

"ಒಂದೇ ಹಾಳೇಲಿ ಕತ್ತರಿಸಿದ್ದಾ?"

"ಒಂದೇ ಹಾಳೆ ಅಮ್ಮ."

"ಎಲ್ಲೂ ಜೋಡ್ಸಿಲ್ವಾ?"

"ಎಲ್ಲೂ ಇಲ್ಲ."

ಜನ್ಮವೆಲ್ಲ ತುಂಡುಗಳನ್ನು ಸೇರಿಸಿ ಹೊಲಿದವರು ಅದನ್ನು ಕೇಳಿ ತಲೆಯಾಡಿಸುತ್ತಲೇ ಇದ್ದರು. ಕುರ್ಚಿ ತರಿಸಿಕೊಂಡು ಅಚ್ಚಿನ ಮುಂದೆ ಕೂತರು, ಮಗಳ ಕೈ ಬಿಡಲಿಲ್ಲ. ಶಾಯಿಯ ವಾಸನೆಗೆ ತಲೆನೋವು ಬಂದೀತೆಂದು ನಾನು ಬಗ್ಗಿ, "ಮೇಲೆ ಹೋಗೋಣ್ವಾ ಅತ್ತೆ?" ಎಂದೆ.

"ಇರೇ, ನಾನಿನ್ನೂ ನೋಡಿ ಮುಗಿಸಿಲ್ಲ" ಎಂದರು.