ಡಾಕ್ಟರಮ್ಮನ ಕೈಚೀಲ

"ಆ ತೊಗಲು ಚೀಲ ಜಗಲಿ ಮೇಲೇ ಇರ್ಲಿ ಕದಿರಮ್ಮ, ಒಳಗೆ ಬೇಡ," ಎಂದು ಅಮ್ಮಯಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

ಒಳಕೋಣೆಯಲ್ಲಿ ಸೊಸೆ ಅನುಸೂಯಮ್ಮ ಬೆಳಗಿನಿಂದ ನೋವು ತಿನ್ನುತ್ತಿದ್ದಳು. ಮಗ ಚಿಕ್ಕವೆಂಕಟಪ್ಪ ನಲ್ಲೂರಿನ ಹುಣಸೆತೋಪಿನ ಆಚೆಯಿಂದ ಸೂಲಗಿತ್ತಿ ಕದಿರಮ್ಮನನ್ನು ಗಾಡಿಯಲ್ಲಿ ಕರೆತಂದು, ಎತ್ತುಗಳಿಗೆ ಕೆರೆಯಲ್ಲಿ ನೀರು ಕುಡಿಸಿ ಹಾಗೇ ಹೊಲಕ್ಕೆ ಹೋಗಿದ್ದ.

ಕದಿರಮ್ಮ ಮೊದಲೆಲ್ಲ ಬರಿಗೈಯಲ್ಲಿ ಬರುತ್ತಿದ್ದವಳು. ದೇವನಹಳ್ಳಿ ಆಸ್ಪತ್ರೆಯಲ್ಲಿ ಮೂರು ತಿಂಗಳಿದ್ದು ಕೆಲಸ ಕಲಿತ ಮೇಲೆ ಅವಳ ತೋಳಿಗೆ ಈ ಚೀಲ ಬಂದಿತ್ತು. ಕಲಿಸಿದ ಡಾಕ್ಟರಮ್ಮ ಮದರಾಸಿನಲ್ಲಿ ಪರೀಕ್ಷೆ ಪಾಸಾದ ವರ್ಷ ಕೊಂಡಿದ್ದಂತೆ. ಈಗ ನಡೆಯುತ್ತಿರುವ ಯುದ್ಧವಲ್ಲ, ಅದರ ಹಿಂದಿನ ಯುದ್ಧಕ್ಕೂ ಮುಂಚಿನ ಮಾತು. ಕೆಲಸ ಮುಗಿಸಿ ತನ್ನೂರಿಗೆ ಹೊರಡುವಾಗ ಕದಿರಮ್ಮನಿಗೆ ಕೊಟ್ಟುಹೋಗಿದ್ದಳು. ಕಂದು ತೊಗಲು ಮೂಲೆಗಳಲ್ಲಿ ಸವೆದು ಬೆಳ್ಳಗಾಗಿತ್ತು. ಮೈಮೇಲೆ ಅಚ್ಚೊತ್ತಿದ ಹೂಬಳ್ಳಿ. ಬಾಯಿಗೆ ಹಿತ್ತಾಳೆಯ ಕಟ್ಟು, ಅದರ ಮೇಲೆ ಒಂದನ್ನೊಂದು ಕಚ್ಚಿಕೊಳ್ಳುವ ಎರಡು ಗುಂಡು. ಊರ ಹೆಂಗಸರು ಅದನ್ನು ಮುಟ್ಟಿ ಮುಟ್ಟಿ ನೋಡಿದರೆ ಅಮ್ಮಯಮ್ಮನಿಗೆ ಮೈಯುರಿಯುತ್ತಿತ್ತು. ತಾನೇ ಮುಂದೆ ನಿಂತು ಎಷ್ಟು ಹೆರಿಗೆ ಮಾಡಿಸಿಲ್ಲ! ಅದಕ್ಕೆಲ್ಲ ಚೀಲ ಬೇಕಿತ್ತೇ?

"ದೇವರ ಗೂಡಿನ ಮುಂದೇನೇ ಹಾದು ಹೋಗ್ಬೇಕಲ್ಲ, ಅದಕ್ಕೇ ಅಂದೆ."

ಕದಿರಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಕತ್ತರಿ, ದಾರ, ಸೋಪು ತೆಗೆದುಕೊಂಡು, ಚೀಲವನ್ನು ಜಗಲಿಯ ಗೂಟಕ್ಕೆ ನೇತುಹಾಕಿ ಒಳಗೆ ಹೋದಳು.

ಮಧ್ಯಾಹ್ನಕ್ಕೆ ಹೆಣ್ಣುಮಗು ಹುಟ್ಟಿತು. ಅಳು ಗಟ್ಟಿಯಾಗಿಯೇ ಇತ್ತು. ಹಿಂದೆಯೇ ಮಾಸುಕಸವೂ ಬಿತ್ತು. ಅಮ್ಮಯಮ್ಮ ಮಗುವನ್ನು ಒರೆಸಿ ಮೊರದಲ್ಲಿ ಮಲಗಿಸಿ ತಿರುಗಿದರೆ, ಸೊಸೆಯ ಕೆಳಗೆ ಹಾಸಿದ್ದ ಹಳೆ ಸೀರೆ ಅಂಚಿನವರೆಗೆ ಕೆಂಪಾಗಿತ್ತು. ಆರು ವರ್ಷದ ಹಿಂದೆ ಮಗಳು ಪಿಳ್ಳಮ್ಮ ಇದೇ ಕೋಣೆಯಲ್ಲಿ ಹೀಗೇ ಹೋಗಿದ್ದಳು, ಎಲ್ಲರೂ ಕೂಸಿನ ಮುಖ ನೋಡುತ್ತಿದ್ದಾಗ.

ಕದಿರಮ್ಮ ಎರಡೂ ಕೈಯಿಂದ ಬಾಣಂತಿಯ ಕಿಬ್ಬೊಟ್ಟೆ ಅಮುಕಿ ತಿಕ್ಕುತ್ತಿದ್ದಳು. "ದೊಡ್ಡಮ್ಮಾರೇ, ಚೀಲದಾಗೆ ಒಂದು ಔಷಧಿ ಸೀಸೆ ಐತೆ, ಬಿರ್ರನೆ ತನ್ನಿ. ನಾನು ಕೈ ತೆಗೆಯಂಗಿಲ್ಲ."

ಅಮ್ಮಯಮ್ಮ ಓಡಿದಳು. ಜಗಲಿಯಲ್ಲಿ ನಿಂತು ಗುಂಡುಗಳನ್ನು ಹಿಡಿದು ಜಗ್ಗಿದಳು. ಉಗುರು ಹಾಕಿ ಕಿತ್ತಳು. ಚೀಲ ಬಾಯಿ ಬಿಡಲಿಲ್ಲ. ಕೂಗಿ ಕರೆಯೋಣವೆಂದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಗೂಟದಿಂದ ಚೀಲ ಬಿಡಿಸಿ, ಎದೆಗೆ ಅವುಚಿಕೊಂಡು, ದೇವರ ಗೂಡಿನ ಮುಂದೆಯೇ ಹಾದು ಒಳಗೆ ಬಂದುಬಿಟ್ಟಳು.

"ಹೆಂಗೇ ಬಿಡಿಸೋದು ಇದನ್ನ?"

"ಎಳೀಬ್ಯಾಡಿ. ಎರಡು ಗುಂಡನ್ನೂ ಆ ಕಡೆ ಒಂದು, ಈ ಕಡೆ ಒಂದು ಒತ್ತಿ."

ಟಕ್ಕೆಂದು ತೆರೆಯಿತು. ಕದಿರಮ್ಮ ಹೇಳಿದಷ್ಟು ಔಷಧಿಯನ್ನು ನೀರಿಗೆ ಬೆರೆಸಿ, ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮಯಮ್ಮನೇ ಕುಡಿಸಿದಳು. ಆಮೇಲೆ ಮಾಡುವುದಕ್ಕೇನೂ ಇರಲಿಲ್ಲ. ಅನುಸೂಯಮ್ಮನ ಹಣೆಯ ಬೆವರು ಒರೆಸುತ್ತ, ಕದಿರಮ್ಮನ ಕೈಗಳನ್ನೇ ನೋಡುತ್ತ ಕೂತಳು.

"ಗರ್ಭ ಗಟ್ಟಿ ಆಗ್ತಾ ಐತೆ," ಎಂದಳು ಕದಿರಮ್ಮ, ಬಹಳ ಹೊತ್ತಿನ ಮೇಲೆ. "ನೆತ್ತರು ನಿಲ್ತು ದೊಡ್ಡಮ್ಮಾರೇ."

ಸೊಸೆ ಕಣ್ಣು ತೆರೆದಳು. "ಅತ್ತೇ, ಮಗು ಏನು?"

ಅವಳಿಗೆ ಇನ್ನೂ ಯಾರೂ ಹೇಳಿಯೇ ಇರಲಿಲ್ಲ. "ಹೆಣ್ಣು ಕಣವ್ವ," ಎನ್ನುತ್ತ ಅಮ್ಮಯಮ್ಮ ಮೊರವನ್ನು ಅವಳ ಮಗ್ಗುಲಿಗೆ ಸರಿಸಿದಳು.

ಸಂಜೆ ಚಿಕ್ಕವೆಂಕಟಪ್ಪ ಬಾಗಿಲಲ್ಲಿ ನಿಂತು ಮಗುವನ್ನು ನೋಡಿ, ಆಮೇಲೆ ಪಕ್ಕದಲ್ಲಿದ್ದುದನ್ನೂ ನೋಡಿದ. "ಅಮ್ಮ, ಚೀಲ ಒಳಗೇ ಐತಲ್ಲ?"

"ನಾನೇ ತಂದೆ. ಏನೀಗ?"

ಆ ರಾತ್ರಿ ಕದಿರಮ್ಮ ಅಲ್ಲಿಯೇ ಉಳಿದಳು. ಬೆಳಿಗ್ಗೆ ಬಾಣಂತಿ ಗಂಜಿ ಕುಡಿದು ಮಲಗಿದ ಮೇಲೆ, ಅಕ್ಕಿ, ರಾಗಿ, ಕಾಯಿ, ಸೀರೆ ತುಂಬಿದ ಮಂಕರಿ ಹೊತ್ತು ಹೊರಟಳು. ಅಮ್ಮಯಮ್ಮ ಅವಳ ತೋಳಿನಿಂದ ಚೀಲ ಬಿಡಿಸಿಕೊಂಡಳು. "ತೋಪಿನ ತನಕ ನಾನು ಹಿಡ್ಕೊಂತೀನಿ, ನಡಿ."

ಸೆರಗಿಗೆ ತಾಗದ ಹಾಗೆ ಬೆರಳ ತುದಿಯಲ್ಲಿ ಹಿಡಿದು ಸ್ವಲ್ಪ ದೂರ ನಡೆದಳು. ಆಮೇಲೆ ಕೇಳಿದಳು: "ನಮ್ ಪಿಳ್ಳಮ್ಮಂಗೂ ಈ ಔಷಧಿ ಆಗ್ತಿತ್ತೇನೇ?"

ಕದಿರಮ್ಮ ತಲೆಯ ಮೇಲಿನ ಮಂಕರಿಯನ್ನು ಸರಿಮಾಡಿಕೊಂಡಳು. "ಆಗ್ತಿತ್ತೇನೋ ದೊಡ್ಡಮ್ಮಾರೇ. ಆವತ್ತು ಪಕ್ಕದಾಗೇ ಇದ್ದೆ, ನಂಗೇ ಗೊತ್ತಿರ್ಲಿಲ್ಲ. ಅದಕ್ಕೇ ಹೋಗಿ ಕಲ್ತಿದ್ದು."

ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಹೆಂಗಸರು ಹಗ್ಗ ಹಿಡಿದುಕೊಂಡೇ ಇತ್ತ ನೋಡಿದರು. ಅಮ್ಮಯಮ್ಮ ಚೀಲವನ್ನು ಮೊಣಕೈಗೆ ಏರಿಸಿಕೊಂಡು, ಅವರ ಮುಂದೆಯೇ ನಡೆದು ಹೋದಳು.